ಟಿಳಕವಾಡಿಯ ಓಣಿಗಳನ್ನು ಎಣಿಸುವ ಬಗೆ: ಅನುಕೂಲಸ್ಥ ಬಡಾವಣೆಯ ಜನ, ಗಳಿಕೆ ಮತ್ತು ಮನೆಗಳನ್ನು ಅರಿಯಲು ಒಂದು ಕೈಪಿಡಿ

ಬೆಳಗಾವಿಯ ಟಿಳಕವಾಡಿಯಲ್ಲಿ ಹಳೆಯ ಬಂಗಲೆಯೊಂದನ್ನು ಕೆಡವಿ ಅಪಾರ್ಟ್‌ಮೆಂಟ್ ಕಟ್ಟುವುದನ್ನು ಕಂಡವರು ಇಲ್ಲಿ ಜನ ಹೆಚ್ಚುತ್ತಿದ್ದಾರೆ ಎಂದುಕೊಳ್ಳುತ್ತಾರೆ. ಅದೇ ಓಣಿಯಲ್ಲಿ ಮೇಲಿನ ಮಹಡಿಗೆ ಬೀಗ ಹಾಕಿ, ಕೆಳಗಿನ ಎರಡು ಕೋಣೆಗಳಲ್ಲಿ ವೃದ್ಧ ದಂಪತಿ ಮಾತ್ರ ಉಳಿದಿರುವ ಮನೆಯನ್ನು ಕಂಡವರು ಇಲ್ಲಿ ಜನ ಖಾಲಿಯಾಗುತ್ತಿದ್ದಾರೆ ಎಂದು ಮರುಗುತ್ತಾರೆ. ಇಬ್ಬರು ಕಂಡದ್ದೂ ನಿಜ, ಇಬ್ಬರ ತೀರ್ಮಾನವೂ ತಪ್ಪಾಗಿರಬಹುದು. ಅನುಕೂಲಸ್ಥರ ಹಳೆಯ ಬಡಾವಣೆಯಲ್ಲಿ ತಲೆಗಳ ಒಟ್ಟು ಸಂಖ್ಯೆ ಹೆಚ್ಚೇನೂ ಅಲುಗಾಡದೆ ಇರುವಾಗಲೇ ಮನೆಗಳ ಒಳಗಿನ ರಚನೆ ಪೂರ್ತಿ ಬದಲಾಗಿಬಿಡುವುದುಂಟು. ಆದ್ದರಿಂದ ಇಂಥ ಬಡಾವಣೆಯನ್ನು ಅಧ್ಯಯನ ಮಾಡಹೊರಟ ವಿದ್ಯಾರ್ಥಿಗಳಿಗೂ ನಿವಾಸಿಗಳ ಸಂಘದವರಿಗೂ ನನ್ನ ಮೊದಲ ಸಲಹೆ ಇದು: ಕಟ್ಟಡವನ್ನೂ ವ್ಯಕ್ತಿಯನ್ನೂ ಎಣಿಸಿರಿ, ಆದರೆ ಲೆಕ್ಕದ ಮೂಲ ಘಟಕವಾಗಿ ಒಂದೇ ಒಲೆಯಲ್ಲಿ ಉಣ್ಣುವ ಕುಟುಂಬವನ್ನು ಇಟ್ಟುಕೊಳ್ಳಿರಿ.

ಒಂದು ಕಲ್ಪಿತ ಓಣಿಯನ್ನು ತೆಗೆದುಕೊಳ್ಳೋಣ. ಅಲ್ಲಿ ಹತ್ತು ಬಂಗಲೆಗಳಿದ್ದವು, ಮನೆಗೆ ಐವರಂತೆ 50 ಮಂದಿ ಇದ್ದರು. ಇಪ್ಪತ್ತು ವರ್ಷಗಳ ನಂತರ ಏಳು ಬಂಗಲೆಗಳಲ್ಲಿ ಇಬ್ಬಿಬ್ಬರಂತೆ 14 ಮಂದಿ ಉಳಿದಿದ್ದಾರೆ. ಉಳಿದ ಮೂರು ಜಾಗಗಳನ್ನು ಕೂಡಿಸಿ ಕಟ್ಟಿದ ಅಪಾರ್ಟ್‌ಮೆಂಟಿನ 12 ಫ್ಲ್ಯಾಟುಗಳಲ್ಲಿ ಮೂವರಂತೆ 36 ಮಂದಿ ಇದ್ದಾರೆ. ಒಟ್ಟು ಮತ್ತೆ 50. ಜನಸಂಖ್ಯೆಯ ಕಾಲಂ ನೋಡಿದವರಿಗೆ ಏನೂ ಆಗಿಲ್ಲ ಎನಿಸುತ್ತದೆ. ಆದರೆ ಕುಟುಂಬಗಳು 10ರಿಂದ 19ಕ್ಕೆ ಏರಿವೆ, ಕುಟುಂಬದ ಸರಾಸರಿ ಗಾತ್ರ 5ರಿಂದ ಸುಮಾರು 2.6ಕ್ಕೆ ಇಳಿದಿದೆ. ನಳದ ಜೋಡಣೆ, ವಿದ್ಯುತ್ ಮೀಟರ್, ಕಸದ ಬುಟ್ಟಿ, ನಿಲ್ಲಿಸಲು ಜಾಗ ಬೇಡುವ ಕಾರು ಇವೆಲ್ಲ ವ್ಯಕ್ತಿಗಳಿಗಿಂತ ಹೆಚ್ಚಾಗಿ ಕುಟುಂಬಗಳ ಲೆಕ್ಕವನ್ನೇ ಅನುಸರಿಸಿ ಹೆಚ್ಚುತ್ತವೆ.

ಗಡಿಯ ಪ್ರಶ್ನೆ

ಅಧ್ಯಯನಕ್ಕೆ ಇಳಿಯುವ ಮುನ್ನ ಬಡಾವಣೆ ಎಲ್ಲಿ ತೊಡಗಿ ಎಲ್ಲಿ ಮುಗಿಯುತ್ತದೆ ಎಂಬುದನ್ನು ನಕ್ಷೆಯ ಮೇಲೆ ಗೆರೆ ಎಳೆದು ನಿರ್ಧರಿಸಬೇಕು. ಟಿಳಕವಾಡಿಯ ಜನ ವಿಳಾಸ ಹೇಳುವಾಗ ಮೊದಲ ಗೇಟು, ಎರಡನೇ ಗೇಟು, ಮೂರನೇ ಗೇಟು ಎಂದು ರೈಲು ಹಳಿಯ ಗುರುತನ್ನೋ, ಆರ್‌ಪಿಡಿ ಕ್ರಾಸ್, ಕಾಂಗ್ರೆಸ್ ರಸ್ತೆ ಎಂದೋ ಹೇಳುತ್ತಾರೆಯೇ ಹೊರತು ವಾರ್ಡಿನ ಸಂಖ್ಯೆಯನ್ನು ಹೇಳುವವರು ವಿರಳ. 1924ರಲ್ಲಿ ಗಾಂಧೀಜಿಯವರು ಅಧ್ಯಕ್ಷತೆ ವಹಿಸಿದ್ದ ಕಾಂಗ್ರೆಸ್ ಅಧಿವೇಶನ ಈ ಭಾಗದಲ್ಲೇ ನಡೆಯಿತು, ಆಗ ತೋಡಿಸಿದ ಬಾವಿ ಇಂದಿಗೂ ಇದೆ. ಹೀಗೆ ಜನರ ಮನಸ್ಸಿನಲ್ಲಿರುವ ಟಿಳಕವಾಡಿಯನ್ನು ಇತಿಹಾಸವೂ ರೈಲು ಗೇಟುಗಳೂ ಗುರುತಿಸುತ್ತವೆ. ಅಂಚೆಯ ಪಿನ್‌ಕೋಡ್ 590006 ಗುರುತಿಸುವ ಪ್ರದೇಶ ಬೇರೆ, ಪಾಲಿಕೆಯ ವಾರ್ಡುಗಳು ಗುರುತಿಸುವ ಪ್ರದೇಶ ಮತ್ತೂ ಬೇರೆ.

ಬೆಳಗಾವಿ ಮಹಾನಗರ ಪಾಲಿಕೆಯಲ್ಲಿ 58 ವಾರ್ಡುಗಳಿವೆ. 2011ರ ಜನಗಣತಿಯ ಅಂಕಿಗಳು ಆಗಿನ ವಾರ್ಡುಗಳಿಗೆ ಸಂಬಂಧಿಸಿದವು. 2021ರ ಸೆಪ್ಟೆಂಬರಿನಲ್ಲಿ ನಡೆದ ಪಾಲಿಕೆ ಚುನಾವಣೆಯ ಹೊತ್ತಿಗೆ ವಾರ್ಡುಗಳ ಗಡಿಯನ್ನು ಹೊಸದಾಗಿ ಗುರುತಿಸಲಾಗಿತ್ತು. ಸಂಖ್ಯೆ ಒಂದೇ ಇದ್ದ ಮಾತ್ರಕ್ಕೆ ಹಳೆಯ ವಾರ್ಡನ್ನೂ ಹೊಸ ವಾರ್ಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿದರೆ ಇಡೀ ಅಧ್ಯಯನವೇ ವ್ಯರ್ಥವಾಗುತ್ತದೆ, ಮತ್ತು ವಿದ್ಯಾರ್ಥಿಗಳು ಅತಿ ಹೆಚ್ಚು ಎಡವುವ ಜಾಗವೂ ಇದೇ. ಸಾಧ್ಯವಾದಷ್ಟು ಓಣಿಯನ್ನೇ ಹಿಡಿಯಿರಿ. ಓಣಿಯ ಗಡಿ ಚುನಾವಣೆಗೊಮ್ಮೆ ಬದಲಾಗುವುದಿಲ್ಲ.

ಜನಗಣತಿಯ ಪುಟಗಳನ್ನು ಓದುವುದು

2001ರಲ್ಲಿ ಸುಮಾರು 4 ಲಕ್ಷವಿದ್ದ ಪಾಲಿಕೆ ವ್ಯಾಪ್ತಿಯ ಜನಸಂಖ್ಯೆ 2011ರಲ್ಲಿ ಸುಮಾರು 4.88 ಲಕ್ಷವಾಗಿತ್ತು. 2021ರ ಜನಗಣತಿ ನಡೆಯದ ಕಾರಣ ವಾರ್ಡಿನ ಮಟ್ಟದಲ್ಲಿ ನಮ್ಮ ಕೈಯಲ್ಲಿರುವ ಪೂರ್ಣ ಎಣಿಕೆ 2011ರದೇ. ಇಂದಿನ ಸ್ಥಿತಿಯನ್ನು ಹೇಳಲು ಅದು ಹಳತಾಗಿದೆ, ಆದರೆ ಹೋಲಿಕೆಯ ತಳಹದಿಯಾಗಿ ಅದರಷ್ಟು ಗಟ್ಟಿಯಾದದ್ದು ಬೇರೊಂದಿಲ್ಲ.

ಪ್ರಾಥಮಿಕ ಜನಗಣತಿ ಸಾರದಲ್ಲಿ ಪ್ರತಿ ವಾರ್ಡಿನ ಕುಟುಂಬಗಳು, ಗಂಡಸರು, ಹೆಂಗಸರು, ಏಳು ವರ್ಷ ತುಂಬದ ಮಕ್ಕಳು, ಅಕ್ಷರಸ್ಥರು ಮತ್ತು ದುಡಿಯುವವರ ಸಂಖ್ಯೆ ಸಿಗುತ್ತದೆ. ಸಾಕ್ಷರತೆಯ ಪ್ರಮಾಣವನ್ನು ಲೆಕ್ಕ ಹಾಕುವಾಗ ಒಟ್ಟು ಜನಸಂಖ್ಯೆಯಿಂದ ಏಳು ವರ್ಷ ತುಂಬದವರನ್ನು ಕಳೆದು ಉಳಿದವರಿಂದಲೇ ಭಾಗಿಸಬೇಕು. ಮಕ್ಕಳ ಲಿಂಗಾನುಪಾತವನ್ನು ಒಂದೇ ವಾರ್ಡಿನಿಂದ ಹೇಳಲು ಹೋಗಬೇಡಿರಿ. ಕೆಲವು ನೂರು ಮಕ್ಕಳಿರುವಲ್ಲಿ ಹತ್ತು ಮಕ್ಕಳ ವ್ಯತ್ಯಾಸವೂ ದೊಡ್ಡದಾಗಿ ಕಾಣುತ್ತದೆ.

ದುಡಿಯುವವರ ಪ್ರಮಾಣವನ್ನು ಇನ್ನಷ್ಟು ಎಚ್ಚರದಿಂದ ಓದಬೇಕು. ವರ್ಷದಲ್ಲಿ ಆರು ತಿಂಗಳು ಅಥವಾ ಅದಕ್ಕಿಂತ ಹೆಚ್ಚು ದುಡಿದವರನ್ನು ಮುಖ್ಯ ದುಡಿಮೆಗಾರರೆಂದೂ ಅದಕ್ಕಿಂತ ಕಡಿಮೆ ದುಡಿದವರನ್ನು ಅಲ್ಪಕಾಲಿಕರೆಂದೂ ಜನಗಣತಿ ಬೇರ್ಪಡಿಸುತ್ತದೆ. ನಿವೃತ್ತ ಪ್ರಾಧ್ಯಾಪಕರು, ಪಿಂಚಣಿದಾರರು, ಬಾಡಿಗೆಯ ಆದಾಯದಲ್ಲಿ ಬದುಕುವವರು, ಕಾಲೇಜು ವಿದ್ಯಾರ್ಥಿಗಳು ಹೆಚ್ಚಿರುವ ಬಡಾವಣೆಯಲ್ಲಿ ಈ ಪ್ರಮಾಣ ಕಡಿಮೆ ಕಾಣುವುದು ಸಹಜ, ಅದನ್ನು ನಿರುದ್ಯೋಗವೆಂದು ಬರೆದರೆ ಅಲ್ಲಿಯ ಜನರಿಗೆ ಅನ್ಯಾಯ ಮಾಡಿದಂತೆ. ಅದೇ ವಾರ್ಡಿನಲ್ಲಿ ಬಂಗಲೆಯ ಹಿಂದಿನ ಕೋಣೆಯಲ್ಲಿರುವ ಕಾವಲುಗಾರನ ಕುಟುಂಬವೂ ಕಟ್ಟಡದ ಕೆಲಸಕ್ಕೆ ಬಂದು ಅಲ್ಲೇ ಶೆಡ್ಡಿನಲ್ಲಿ ಉಳಿದವರೂ ಎಣಿಕೆಯಾಗಿರುತ್ತಾರೆ. ಸಿರಿವಂತರ ಬಡಾವಣೆಯ ಸರಾಸರಿಯಲ್ಲಿ ಬಡವರು ಕಾಣದೆ ಹೋಗುತ್ತಾರೆ ಎಂಬುದು ನನಗೆ ಬಹಳ ನೋವಿನ ಸಂಗತಿ. ಆದ್ದರಿಂದ ಅವರ ಕುಟುಂಬಗಳಿಗೆ ನಿಮ್ಮ ಹಾಳೆಯಲ್ಲಿ ಪ್ರತ್ಯೇಕ ಸಾಲನ್ನೇ ಇಡಿರಿ.

ವಸತಿನಿಲಯಗಳು ಮತ್ತೊಂದು ತೊಡಕು. ವೈದ್ಯಕೀಯ ಕಾಲೇಜಿರುವ ನೆಹರೂ ನಗರದಲ್ಲಾಗಲಿ, ಕಾಲೇಜುಗಳು ಒತ್ತಾಗಿರುವ ಟಿಳಕವಾಡಿಯಲ್ಲಾಗಲಿ, ಪರಸ್ಪರ ಸಂಬಂಧವಿಲ್ಲದ ನೂರಾರು ವಿದ್ಯಾರ್ಥಿಗಳಿರುವ ಹಾಸ್ಟೆಲನ್ನು ಜನಗಣತಿ ಸಾಂಸ್ಥಿಕ ಕುಟುಂಬವೆಂದು ಪರಿಗಣಿಸುತ್ತದೆ. ಅಂಥ ಒಂದೆರಡು ಸೇರಿದರೆ ವಾರ್ಡಿನ ಕುಟುಂಬದ ಸರಾಸರಿ ಗಾತ್ರ ಸುಳ್ಳಾಗಿ ಹಿಗ್ಗುತ್ತದೆ. ಜನಗಣತಿಯದೇ ಆದ ಮನೆಪಟ್ಟಿಯ ಕೋಷ್ಟಕಗಳಲ್ಲಿ ಸಾಂಸ್ಥಿಕ ಕುಟುಂಬಗಳನ್ನು ಬಿಟ್ಟಿರುತ್ತಾರೆ. ಕೋಣೆಗಳ ಸಂಖ್ಯೆ, ಸ್ವಂತ ಮನೆಯೋ ಬಾಡಿಗೆಯದೋ, ಕಾರು, ಕಂಪ್ಯೂಟರ್ ಮುಂತಾದ ಸೌಕರ್ಯಗಳು ಅಲ್ಲಿಯೇ ಸಿಗುವುದರಿಂದ ವಸತಿಯ ವಿಚಾರಕ್ಕೆ ಆ ಕೋಷ್ಟಕಗಳನ್ನೇ ಆಧಾರವಾಗಿಟ್ಟುಕೊಳ್ಳಿರಿ.

ವಯಸ್ಸಿನ ವಿವರ ವಾರ್ಡಿನ ಸಾರದಲ್ಲಿ ಸಿಗುವುದಿಲ್ಲ. ಮತಗಟ್ಟೆವಾರು ಮತದಾರರ ಪಟ್ಟಿಯಲ್ಲಿ 18 ವರ್ಷ ಮೀರಿದವರ ವಯಸ್ಸು ಇರುತ್ತದೆ, ಅದರಿಂದ 60 ದಾಟಿದವರ ಪಾಲನ್ನು ಅಂದಾಜು ಮಾಡಬಹುದು. ಊರು ಬಿಟ್ಟವರ ಹೆಸರು ಪಟ್ಟಿಯಲ್ಲಿ ಉಳಿದಿರುತ್ತದೆ ಎಂಬುದನ್ನು ಮರೆಯಬಾರದು, ಹೆಸರುಗಳನ್ನು ನಿಮ್ಮ ವರದಿಗೆ ಎಂದೂ ಇಳಿಸಿಕೊಳ್ಳಬಾರದು.

ಕಾಲ್ನಡಿಗೆಯ ಎಣಿಕೆ

ಕಾಗದದ ಕೆಲಸ ಮುಗಿದ ಮೇಲೆ ಓಣಿಗೆ ಇಳಿಯಬೇಕು. ನನ್ನ ಅನುಭವದಲ್ಲಿ ಇಡೀ ಅಧ್ಯಯನದ ಜೀವಾಳ ಇದು. ಪ್ರತಿ ಜಾಗಕ್ಕೂ ಹಾಳೆಯಲ್ಲಿ ಒಂದು ಸಾಲು ಮೀಸಲಿಟ್ಟು, ಮಹಡಿಗಳೆಷ್ಟು, ಗೋಡೆಯ ಮೇಲೆ ಹೆಸ್ಕಾಂ ವಿದ್ಯುತ್ ಮೀಟರುಗಳೆಷ್ಟು, ಕರೆಗಂಟೆಗಳೆಷ್ಟು, ನೆಲಮಹಡಿಯಲ್ಲಿ ದವಾಖಾನೆ, ಕೋಚಿಂಗ್ ಕ್ಲಾಸು, ಕಚೇರಿ ಅಥವಾ ಅಂಗಡಿ ಇದೆಯೇ, ‘ಬಾಡಿಗೆಗಿದೆ’ ಎಂಬ ಹಲಗೆ ತೂಗಿದೆಯೇ, ಮೆಟ್ಟಿಲ ಪಕ್ಕ ಹೊಸದಾಗಿ ಹಿಡಿಕಂಬಿ ಅಥವಾ ಇಳಿಜಾರು ಹಾಕಿಸಿದ್ದಾರೆಯೇ ಎಂದು ಬರೆದುಕೊಳ್ಳಿರಿ. ಮನೆಯೊಳಗೆ ನಡೆದಾಡಲು ಕಷ್ಟಪಡುವ ಹಿರಿಯರಿದ್ದಾರೆ ಎಂಬುದನ್ನು ಆ ಹಿಡಿಕಂಬಿ ಯಾವ ಕೋಷ್ಟಕಕ್ಕಿಂತಲೂ ಮೊದಲೇ ತಿಳಿಸುತ್ತದೆ. ಮೀಟರುಗಳ ಸಂಖ್ಯೆ ಕುಟುಂಬಗಳ ಸಂಖ್ಯೆಗೆ ಹತ್ತಿರದ ಸೂಚನೆಯಾದರೂ, ಒಂದೇ ಕುಟುಂಬ ಎರಡು ಮೀಟರ್ ಹಾಕಿಸಿಕೊಂಡಿರುವುದೂ ನೀರೆತ್ತುವ ಪಂಪಿಗೆ ಬೇರೆ ಮೀಟರ್ ಇರುವುದೂ ಉಂಟಾದ್ದರಿಂದ ವಿಚಾರಿಸಿಯೇ ತುಂಬಬೇಕು.

ಎಣಿಕೆಯ ಕಾಲವನ್ನು ವಿವೇಚಿಸಿ ಆರಿಸಿರಿ. ಗಣೇಶ ಚತುರ್ಥಿಯ ವಾರದಲ್ಲೋ, ದೀಪಾವಳಿಯಲ್ಲೋ, ಮೇ ತಿಂಗಳ ರಜೆಯಲ್ಲೋ ಹೋದರೆ ಪುಣೆ, ಬೆಂಗಳೂರುಗಳಿಂದ ಮಕ್ಕಳು ಮೊಮ್ಮಕ್ಕಳು ಬಂದು ಎಲ್ಲ ಮನೆಗಳೂ ತುಂಬಿರುತ್ತವೆ. ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ನಡೆಯುವಾಗ ಅಲ್ಪಾವಧಿಯ ವಸತಿಗೆ ಬೇಡಿಕೆ ಹೆಚ್ಚುವುದರಿಂದ ಆ ದಿನಗಳ ಬಾಡಿಗೆಯನ್ನು ವರ್ಷದ ಬಾಡಿಗೆಯೆಂದು ಬರೆಯುವಂತಿಲ್ಲ. ಜುಲೈ ಅಥವಾ ಫೆಬ್ರುವರಿಯ ಸಾಮಾನ್ಯ ವಾರವೊಂದು ಒಳ್ಳೆಯದು.

ಪ್ರಶ್ನೆ ಕೇಳುವ ಬಗೆಯಲ್ಲಿಯೇ ಅರ್ಧ ಉತ್ತರ ಅಡಗಿರುತ್ತದೆ. ಮನೆಯಲ್ಲಿ ಎಷ್ಟು ಮಂದಿ ಇದ್ದೀರಿ ಎಂದು ಕೇಳಿದರೆ ಅಜ್ಜ ಅಜ್ಜಿಯರು ಹೊರದೇಶದಲ್ಲಿರುವ ಮಗನನ್ನೂ ಸೊಸೆಯನ್ನೂ ಸೇರಿಸಿಯೇ ಹೇಳುತ್ತಾರೆ. ಅದು ಸುಳ್ಳಲ್ಲ, ಅವರ ಲೆಕ್ಕದಲ್ಲಿ ಮನೆಯೆಂದರೆ ಅಷ್ಟು ಮಂದಿ. “ಹುಡುಗ್ರು ಪುಣೇದಾಗ ಅದಾರ್ರಿ, ಹಬ್ಬಕ್ಕ ಬರ್ತಾರ” ಎಂಬ ಮಾತನ್ನು ಕೇಳಿದಾಗ ಅವಸರಪಡದೆ, “ನಿನ್ನೆ ರಾತ್ರಿ ಈ ಮನ್ಯಾಗ ಎಷ್ಟ್ ಮಂದಿ ಮಲಗಿದ್ರಿ ಅಜ್ಜಾರ?” ಎಂದು ಮೆಲ್ಲಗೆ ಕೇಳಿರಿ. ಬಂದ ಎರಡೂ ಸಂಖ್ಯೆಗಳನ್ನು ಬರೆದುಕೊಳ್ಳಿರಿ. ಅವುಗಳ ನಡುವಿನ ಅಂತರವೇ ಈ ಬಡಾವಣೆಯಿಂದ ಹೊರಹೋದವರ ಲೆಕ್ಕ, ಮತ್ತು ವಾರ್ಡಿನ ಮಟ್ಟದಲ್ಲಿ ಅದನ್ನು ಬೇರೆ ಯಾರೂ ನಿಮಗೆ ಕೊಡಲಾರರು. ಪ್ರಶ್ನಾವಳಿ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಅಚ್ಚಾಗಿರಲಿ, ಮನೆಯವರು ಯಾವ ಭಾಷೆಯಲ್ಲಿ ಮಾತು ಆರಂಭಿಸುತ್ತಾರೋ ಅದರಲ್ಲಿಯೇ ಮುಂದುವರಿಸಿರಿ. ಆದಾಯ ಎಷ್ಟೆಂದು ನೇರವಾಗಿ ಕೇಳಬೇಡಿರಿ, ಅದರ ಮೂಲ ಯಾವುದೆಂದು ಮಾತ್ರ ಕೇಳಿರಿ: ಉದ್ಯಮಬಾಗ ಕೈಗಾರಿಕಾ ಪ್ರದೇಶದ ಫೌಂಡ್ರಿಯೋ, ವೈದ್ಯ ಅಥವಾ ವಕೀಲ ವೃತ್ತಿಯೋ, ಸೇನೆಯ ಅಥವಾ ಸರ್ಕಾರದ ಪಿಂಚಣಿಯೋ, ಬಾಡಿಗೆಯೋ, ಮಕ್ಕಳು ಕಳಿಸುವ ಹಣವೋ. ದುಡಿಮೆಯಿಂದ ಬದುಕುವ ಮನೆಗಳೆಷ್ಟು, ಹಿಂದೆ ಗಳಿಸಿದ್ದರಿಂದ ಬದುಕುವ ಮನೆಗಳೆಷ್ಟು ಎಂಬುದು ತಿಳಿದರೆ ಬಡಾವಣೆಯ ಆರ್ಥಿಕತೆಯ ಬಹುಪಾಲು ತಿಳಿದಂತಾಯಿತು. ಹಾಲು ಹಾಕುವವರನ್ನೂ ಪತ್ರಿಕೆ ಹಂಚುವವರನ್ನೂ ಔಷಧಿ ಅಂಗಡಿಯವರನ್ನೂ ಮಾತಾಡಿಸಲು ಮರೆಯಬೇಡಿರಿ. ಯಾವ ಮನೆ ಯಾವ ವರ್ಷ ಖಾಲಿಯಾಯಿತು ಎಂಬುದು ಅವರಿಗೆ ನೆನಪಿರುತ್ತದೆ.

ಬೆಲೆ, ಬಾಡಿಗೆ ಮತ್ತು ದಾಖಲೆಗಳು

ರಿಸರ್ವ್ ಬ್ಯಾಂಕು ಬೆಂಗಳೂರಿನಂಥ ಮಹಾನಗರಗಳಿಗೆ ಮನೆಬೆಲೆಯ ಸೂಚ್ಯಂಕವನ್ನು ಪ್ರಕಟಿಸುತ್ತದೆ, ಆದರೆ ಟಿಳಕವಾಡಿಯಂಥ ಒಂದು ಬಡಾವಣೆಗೆ ಅದನ್ನು ನಾವೇ ಕಟ್ಟಿಕೊಳ್ಳಬೇಕು. ನೋಂದಣಿ ಮತ್ತು ಮುದ್ರಾಂಕ ಇಲಾಖೆಯ ಮಾರ್ಗಸೂಚಿ ದರ ಮೊದಲ ಆಸರೆ. ಆದರೆ ಅದು ಸರ್ಕಾರ ನಿಗದಿಪಡಿಸುವ ಕನಿಷ್ಠ ದರ, ಮಾರುಕಟ್ಟೆಯ ಬೆಲೆಯಲ್ಲ. 2023ರ ಅಕ್ಟೋಬರ್ 1ರಿಂದ ರಾಜ್ಯದಲ್ಲಿ ಪರಿಷ್ಕೃತ ದರಗಳು ಜಾರಿಗೆ ಬಂದವು. ನಿಮ್ಮ ದರಗಳ ರೇಖಾಚಿತ್ರದಲ್ಲಿ ಆ ದಿನ ಕಾಣುವ ಜಿಗಿತ ಕಾಗದದ್ದೇ ಹೊರತು ಓಣಿಯದ್ದಲ್ಲ.

ಅಳತೆಗಳನ್ನು ಒಂದು ಮಾಡದೆ ಬೆಲೆಗಳನ್ನು ಹೋಲಿಸಬೇಡಿರಿ. ಹಳೆಯ ಜಾಗಗಳ ಮಾತು ಗುಂಟೆಯಲ್ಲಿ ನಡೆಯುತ್ತದೆ, ಒಂದು ಗುಂಟೆಯೆಂದರೆ 33 ಅಡಿ ಉದ್ದ, 33 ಅಡಿ ಅಗಲ, ಅಂದರೆ 1,089 ಚದರ ಅಡಿ. ಫ್ಲ್ಯಾಟಿನ ಬೆಲೆಯನ್ನು ಮೆಟ್ಟಿಲು, ಲಿಫ್ಟುಗಳ ಪಾಲು ಸೇರಿದ ವಿಸ್ತೀರ್ಣದ ಮೇಲೆ ಹೇಳುವ ರೂಢಿಯಿದೆ, ನೀವು ಒಳಗಿನ ಕಾರ್ಪೆಟ್ ವಿಸ್ತೀರ್ಣವನ್ನೇ ಹಿಡಿಯಿರಿ. 500 ಚದರ ಮೀಟರಿಗಿಂತ ಹೆಚ್ಚಿನ ಜಾಗದ ಅಥವಾ ಎಂಟಕ್ಕಿಂತ ಹೆಚ್ಚು ಫ್ಲ್ಯಾಟುಗಳ ಯೋಜನೆಗಳು ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿಗೆ ಒಳಪಡುವುದರಿಂದ ಅಂಥವುಗಳ ವಿವರ ರೇರಾ ಜಾಲತಾಣದಲ್ಲಿ ಸಿಗುತ್ತದೆ. ಒಂದು ಹಳೆಯ ಬಂಗಲೆಯ ಜಾಗದಲ್ಲಿ ಏಳೋ ಎಂಟೋ ಫ್ಲ್ಯಾಟುಗಳಾಗಿ ಏಳುವ ಸಣ್ಣ ಕಟ್ಟಡಗಳು ಅಲ್ಲಿ ಕಾಣದೆ ಹೋಗಬಹುದು, ಅವುಗಳಿಗೆ ನಿಮ್ಮ ನಡಿಗೆಯ ಹಾಳೆಯೇ ಆಧಾರ.

ಬಾಡಿಗೆಯನ್ನು ಬೆಲೆಯೊಂದಿಗೆ ಕೂಡಿಸಿ ಓದಬೇಕು. 60 ಲಕ್ಷ ರೂಪಾಯಿಯ ಫ್ಲ್ಯಾಟಿಗೆ ತಿಂಗಳಿಗೆ 15,000 ರೂಪಾಯಿ ಬಾಡಿಗೆ ಬರುತ್ತದೆ ಎಂದಿಟ್ಟುಕೊಂಡರೆ ವರ್ಷಕ್ಕೆ 1.8 ಲಕ್ಷ, ಅಂದರೆ ಬೆಲೆಯ ಶೇ 3. ಬೆಲೆ ಏರುತ್ತ ಈ ಪ್ರಮಾಣ ಮಾತ್ರ ಇಳಿಯುತ್ತ ಹೋದರೆ, ಮನೆಗಳನ್ನು ವಾಸಕ್ಕಿಂತ ಹೆಚ್ಚಾಗಿ ಆಸ್ತಿಯಾಗಿ ಕೊಳ್ಳಲಾಗುತ್ತಿದೆ ಎಂದು ಶಂಕಿಸಲು ಆಧಾರವಿದೆ, ಬೀಗ ಹಾಕಿದ ಫ್ಲ್ಯಾಟುಗಳ ಎಣಿಕೆಯೊಂದಿಗೆ ಅದನ್ನು ತಾಳೆ ನೋಡಿರಿ. ಬಾಡಿಗೆಯ ಸಾಲಿನಲ್ಲಿ ನೀರಿನ ವಿವರವನ್ನೂ ಸೇರಿಸಿರಿ. 2008ರಿಂದ ಬೆಳಗಾವಿಯ ಕೆಲವು ವಾರ್ಡುಗಳಲ್ಲಿ 24 ಗಂಟೆ ನೀರು ಪೂರೈಕೆಯ ಪ್ರಯೋಗ ನಡೆದಿದೆ, ನಿರಂತರ ನಳವಿರುವ ಮನೆಯನ್ನೂ ಟ್ಯಾಂಕರ್ ತರಿಸುವ ಮನೆಯನ್ನೂ ಒಂದೇ ದರದ ತಕ್ಕಡಿಯಲ್ಲಿ ಇಡಲಾಗದು.

ವಾಸದ ಮನೆ, ವಾಣಿಜ್ಯ, ಖಾಲಿ ನಿವೇಶನ ಎಂದು ವರ್ಗೀಕರಿಸಿದ ಆಸ್ತಿ ತೆರಿಗೆಯ ವಾರ್ಡುವಾರು ಮೊತ್ತಗಳನ್ನು ಪಾಲಿಕೆಯಿಂದ ಮಾಹಿತಿ ಹಕ್ಕಿನಡಿ ಕೇಳಬಹುದು. ಶುಲ್ಕ 10 ರೂಪಾಯಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, 150 ಪದ ಮೀರಬಾರದು, ಉತ್ತರಕ್ಕೆ 30 ದಿನಗಳ ಅವಧಿಯಿದೆ. ಯಾರ ಉತಾರವನ್ನೂ, ಅಂದರೆ ಆಸ್ತಿ ದಾಖಲೆಯ ನಕಲನ್ನೂ, ಕೇಳಬೇಡಿರಿ. ನಿಮಗೆ ಬೇಕಾದದ್ದು ಹೆಸರುಗಳಲ್ಲ, ಐದು ಅಥವಾ ಹತ್ತು ವರ್ಷಗಳ ಒಟ್ಟು ಸಂಖ್ಯೆಗಳು.

ಮುಂದಿನ ಜನಗಣತಿಯ ಉಲ್ಲೇಖ ದಿನಾಂಕವನ್ನು 2027ರ ಮಾರ್ಚ್ 1 ಎಂದು ಸರ್ಕಾರ ಪ್ರಕಟಿಸಿದೆ. ನಿಮ್ಮ ಒಂದು ಎಣಿಕೆ ಆ ದಿನದ ಆಸುಪಾಸಿನಲ್ಲಿ ನಡೆಯಲಿ, ಏಕೆಂದರೆ ಮುಂದೆ ವಾರ್ಡಿನ ಅಂಕಿಗಳು ಹೊರಬಂದಾಗ ನಿಮ್ಮ ಓಣಿಯನ್ನು ಅವುಗಳೊಂದಿಗೆ ನೇರವಾಗಿ ಜೋಡಿಸಲು ಆಗ ಮಾತ್ರ ಸಾಧ್ಯ. ಪ್ರತಿ ಹಾಳೆಯ ಮೇಲೂ ಎಣಿಸಿದ ದಿನಾಂಕ, ಓಣಿಯ ಎರಡೂ ತುದಿಗಳ ಗುರುತು, ಹಳೆಯ ಮತ್ತು ಹೊಸ ವಾರ್ಡಿನ ಸಂಖ್ಯೆಗಳನ್ನು ಬರೆದು, ಒಂದು ಪ್ರತಿಯನ್ನು ನಿವಾಸಿಗಳ ಸಂಘದಲ್ಲಿಯೂ ಇನ್ನೊಂದನ್ನು ಹತ್ತಿರದ ಕಾಲೇಜಿನ ಗ್ರಂಥಾಲಯದಲ್ಲಿಯೂ ಇರಿಸಿರಿ.