ಅಮೆರಿಕದಿಂದ ಇಂಗ್ಲೆಂಡಿಗೆ ಓದಲು ಹೋಗುವವರು ಚಾರ್ಜರ್ ಹಿಂದಿನ ಸಣ್ಣ ಅಕ್ಷರ ಓದಿ

ಪ್ಯಾಕ್ ಮಾಡುವ ಮುಂಚೆ ಪ್ರತಿ ಚಾರ್ಜರ್ ತಿರುಗಿಸಿ, ಇನ್‌ಪುಟ್ ಅಂತ ಬರೆದಿರುವ ಸಾಲು ನೋಡಿ. 100-240 ವೋಲ್ಟ್, 50/60 ಹರ್ಟ್ಜ್ ಅಂತ ಇದ್ದರೆ ವೋಲ್ಟೇಜ್ ಬದಲಿಸುವ ಕನ್ವರ್ಟರ್ ಬೇಡವೇ ಬೇಡ, ಮೂರು ಚೌಕ ಪಿನ್ನಿನ ಅಡಾಪ್ಟರ್ ಸಾಕು. ಅಮೆರಿಕದಲ್ಲಿ ಕರೆಂಟು 120 ವೋಲ್ಟ್, ಇಂಗ್ಲೆಂಡಿನಲ್ಲಿ 230. ಲ್ಯಾಪ್‌ಟಾಪ್, ಫೋನ್ ಚಾರ್ಜರ್‌ಗಳು ಸಾಮಾನ್ಯವಾಗಿ ಎರಡಕ್ಕೂ ತಾವೇ ಹೊಂದಿಕೊಳ್ಳುತ್ತವೆ. ಬರೀ 120 ವೋಲ್ಟ್ ಅಂತಿದ್ದರೆ ಈ ಉಪಾಯ ನಡೆಯಲ್ಲ. ಅಡಾಪ್ಟರ್ ಪಿನ್ನಿನ ಆಕಾರ ಬದಲಿಸುತ್ತದೆ ಅಷ್ಟೇ, ವೋಲ್ಟೇಜ್ ಇಳಿಸುವುದಿಲ್ಲ. ಹೇರ್ ಡ್ರೈಯರ್, ರೈಸ್ ಕುಕ್ಕರ್ ಸಾಮಾನ್ಯವಾಗಿ ಈ ಜಾತಿಯವು. ಹಾಕಿದ ತಕ್ಷಣ ಸುಟ್ಟೇ ಹೋಗಬಹುದು. ಇಷ್ಟೊಂದು ಕರೆಂಟು ಎಳೆಯುವ ಸಾಮಾನಿಗೆ ಕನ್ವರ್ಟರ್ ಹೊರುವ ಬದಲು ಅಲ್ಲೇ ಒಂದು ಅಗ್ಗದ್ದು ಕೊಳ್ಳಿ. ಅಮೆರಿಕದ ಸರ್ಜ್ ಪ್ರೊಟೆಕ್ಟರ್ (ವೋಲ್ಟೇಜ್ ದಿಢೀರ್ ಏರಿದಾಗ ಕಾಪಾಡುವ ಭಾಗ) ಇರುವ ಎಕ್ಸ್‌ಟೆನ್ಶನ್ ಬೋರ್ಡಂತೂ ಬೇಡ, ಅದೂ 120ಕ್ಕೇ ಮಾಡಿದ್ದು. ಊರಿನಿಂದ ಅಮ್ಮ ಕುಕ್ಕರ್ ಕಳಿಸುತ್ತೇನೆ ಅಂದರೆ ಬೇಡ ಅನ್ನಬೇಡಿ! ನಮ್ಮಲ್ಲೂ 230 ವೋಲ್ಟೇ, ಪಿನ್ ಅಡಾಪ್ಟರ್ ಒಂದಿದ್ದರೆ ಆಯ್ತು. ರೂಮಿನಲ್ಲಿ ಅಡುಗೆಗೆ ಬಿಡ್ತಾರಾ ಅಂತ ಮಾತ್ರ ಮೊದಲೇ ಕೇಳಿಕೊಳ್ಳಿ. ಇನ್ನೊಂದು, ಅಲ್ಲಿನ ಸಾಕೆಟ್‌ಗಳಿಗೆ ನಮ್ಮೂರಿನ ಹಾಗೆ ಸ್ವಿಚ್ ಇರುತ್ತದೆ. ಚಾರ್ಜ್ ಆಗ್ತಿಲ್ಲ ಅನ್ನಿಸಿದರೆ ಮೊದಲು ಅದನ್ನು ಒತ್ತಿ ನೋಡಿ.