ಬಿ.ಪಿ. ಯಂತ್ರದಿಂದ ಟ್ಯಾಂಕಿನ ನೀರು ಅಳೆದ ನನ್ನ ಅನುಭವ

ನಮ್ಮ ತಾರಸಿಯ ಮೇಲಿನ ಸಾವಿರ ಲೀಟರಿನ ಟ್ಯಾಂಕಿನಲ್ಲಿ ಎಷ್ಟು ನೀರಿದೆ ಎಂಬುದನ್ನು ಅರ್ಧ ಸೆಂಟಿಮೀಟರಿನೊಳಗೆ ನಿಖರವಾಗಿ ಹೇಳುವ, ಅದನ್ನು ನೋಡಿಕೊಂಡು ಮೋಟರನ್ನು ತಾನೇ ಹಾಕಿ ತಾನೇ ಆರಿಸುವ ಸಾಧನವೊಂದು ಹದಿನಾಲ್ಕು ತಿಂಗಳಿಂದ ನಡೆಯುತ್ತಿದೆ. ಅದರೊಳಗಿನ ಗಾಳಿ ಪಂಪು, ಕವಾಟ ಮತ್ತು ಒತ್ತಡದ ಸೆನ್ಸರ್ ಮೂರೂ ಮೊದಲಿಗೆ ಅಮ್ಮನ ಕೆಟ್ಟುಹೋದ ಬಿ.ಪಿ. ಯಂತ್ರದಿಂದ ಬಂದಿದ್ದವು. ಇದನ್ನು ಮಾಡಲು ಹೊರಟಾಗ ನಮ್ಮ ಎಲೆಕ್ಟ್ರಿಷಿಯನ್ ‘ಸಾರ್, ಇನ್ನೂರೈವತ್ತು ರೂಪಾಯಿಗೆ ಫ್ಲೋಟ್ ಸ್ವಿಚ್ ಬರುತ್ತೆ, ಸುಮ್ನೆ ಹಾಕಿಸ್ಕೊಳ್ಳಿ’ ಎಂದಿದ್ದರು. ಸ್ವತಃ ಎಂಜಿನಿಯರ್ ಆಗಿರುವ ನಮ್ಮ ಭಾವ ‘ಗಾಳಿ ಇವತ್ತಲ್ಲ ನಾಳೆ ಸೋರೇ ಸೋರುತ್ತೆ, ಇದು ನಿಲ್ಲೋ ಮಾತಲ್ಲ’ ಎಂದಿದ್ದರು. ಕಳೆದ ತಿಂಗಳು ಅದೇ ಭಾವ ತಮ್ಮ ಮನೆಗೂ ಒಂದು ಮಾಡಿಕೊಡಲು ಕೇಳಿದ ಮೇಲೆ ಇದನ್ನು ಬರೆಯುವ ಧೈರ್ಯ ಬಂತು.

ನಾವಿರುವುದು ತುಮಕೂರಿನಲ್ಲಿ. ನಲ್ಲಿಯ ನೀರು ಬಂದ ದಿನ ಸಂಪು ತುಂಬಿಸಿಕೊಳ್ಳುತ್ತೇವೆ, ಉಳಿದ ದಿನಗಳಲ್ಲಿ ಕೊಳವೆಬಾವಿಯ ಗಡಸು ನೀರನ್ನು ಅದಕ್ಕೆ ಬೆರೆಸುತ್ತೇವೆ. ಸಂಪಿನಿಂದ ಮೇಲಕ್ಕೆ ಒಂದು ಎಚ್.ಪಿ. ಮೋಟರು ಅರ್ಧ ಗಂಟೆಯೊಳಗೆ ಟ್ಯಾಂಕು ತುಂಬಿಸುತ್ತದೆ. ಮೋಟರು ಆರಿದರೆ ಸಾಕು ಎನ್ನುವವರಿಗೆ ಫ್ಲೋಟ್ ಸ್ವಿಚ್ಚೇ ಸರಿ, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಅದು ಹೇಳುವುದು ಖಾಲಿ, ತುಂಬಿದೆ ಎಂಬ ಎರಡೇ ಮಾತು. ನಡುವಿನ ಅಂಕಿ ಸಿಕ್ಕರೆ ದಿನಕ್ಕೆ ಎಷ್ಟು ನೀರು ಬಳಸುತ್ತೇವೆ, ಎಲ್ಲಿ ಸೋರುತ್ತಿದೆ ಎಂಬುದೆಲ್ಲ ತಿಳಿಯುತ್ತದೆ ಎಂಬ ಆಸೆ ನನ್ನದಾಗಿತ್ತು.

ಮೊದಲು ಮಾಡಿದ್ದು ಎಲ್ಲರೂ ಮಾಡುವ ಕಡ್ಡಿಗಳ ಪದ್ಧತಿ. ಐದು ಎತ್ತರಗಳಲ್ಲಿ ಸ್ಟೀಲ್ ಕಡ್ಡಿಗಳನ್ನು ಇಳಿಬಿಟ್ಟು, ಅಡಿಯಲ್ಲಿ ಒಂದು ಸಮಾನ ಕಡ್ಡಿಯನ್ನಿಟ್ಟು, ಐದು ವೋಲ್ಟ್ ಕೊಟ್ಟೆ. ಎರಡು ತಿಂಗಳು ಚೆನ್ನಾಗಿಯೇ ನಡೆಯಿತು. ಮೂರನೆಯ ತಿಂಗಳು ತೆಗೆದು ನೋಡಿದರೆ ಧನ ತುದಿಯ ಕಡ್ಡಿ ಪೆನ್ಸಿಲಿನ ಮೊನೆಯಂತೆ ಸವೆದಿತ್ತು, ಋಣ ತುದಿಯ ಕಡ್ಡಿಗಳ ಮೇಲೆ ಉಗುರಿನಿಂದ ಕೆರೆದರೂ ಏಳದಷ್ಟು ಗಟ್ಟಿಯಾದ ಬಿಳಿಯ ಸುಣ್ಣ ಕಟ್ಟಿತ್ತು. ನೀರಿನೊಳಗೆ ಒಂದೇ ದಿಕ್ಕಿನ ವಿದ್ಯುತ್ತು ಹರಿದರೆ ಒಂದು ಕಡೆ ಲೋಹ ಕರಗುತ್ತದೆ, ಇನ್ನೊಂದು ಕಡೆ ಗಡಸು ನೀರಿನ ಸುಣ್ಣ ಕೂರುತ್ತದೆ ಎಂಬುದನ್ನು ಹೈಸ್ಕೂಲಿನಲ್ಲೇ ಓದಿದ್ದೆ, ಆದರೆ ಕಟ್ಟುವಾಗ ಅದು ನೆನಪಿಗೆ ಬರಲಿಲ್ಲ. ಅಳೆಯುವ ಕ್ಷಣದಲ್ಲಿ ಮಾತ್ರ ವೋಲ್ಟೇಜ್ ಕೊಟ್ಟು, ಪ್ರತಿ ಸಲವೂ ದಿಕ್ಕು ಬದಲಿಸುವಂತೆ, ಅಳತೆ ನಡೆಸುವ ಪುಟ್ಟ ಕಂಪ್ಯೂಟರ್ ಬೋರ್ಡಿನ ಕೋಡ್ ತಿದ್ದಿದ ಮೇಲೆ ಸವೆತ ಬಹಳ ಕಡಿಮೆಯಾಯಿತು. ಸುಣ್ಣ ಮಾತ್ರ ನಿಲ್ಲಲಿಲ್ಲ. ಇಲ್ಲಿ ಸುಮಾರು ಸಾವಿರದ ಇನ್ನೂರು ರೂಪಾಯಿ ಹೋಯಿತು.

ಆಮೇಲೆ ಅಲ್ಟ್ರಾಸಾನಿಕ್, ಎಂದರೆ ಕಿವಿಗೆ ಕೇಳದ ಶಬ್ದ ಕಳಿಸಿ ಅದರ ಪ್ರತಿಧ್ವನಿ ಬರುವ ಸಮಯದಿಂದ ದೂರ ಅಳೆಯುವ ಪದ್ಧತಿ. ಎರಡು ಕಣ್ಣಿನಂತಿರುವ ಅಗ್ಗದ ಸೆನ್ಸರು ಟ್ಯಾಂಕಿನ ಮುಚ್ಚಳದ ಒಳಗಿನ ಹಬೆಗೆ ಆರು ವಾರ ಕೂಡ ಬಾಳಲಿಲ್ಲ. ನೀರು ತಾಗದಂತೆ ಮಾಡಿದ ದುಬಾರಿ ಸೆನ್ಸರು ತರಿಸಿದೆ. ಅದು ಇಪ್ಪತ್ತು ಸೆಂಟಿಮೀಟರಿಗಿಂತ ಹತ್ತಿರದ್ದನ್ನು ನೋಡಲಾರದು, ಎಂದರೆ ಟ್ಯಾಂಕು ತುಂಬುವ ಹೊತ್ತಿಗೇ, ಮಾಹಿತಿ ಹೆಚ್ಚು ಬೇಕಾದ ಜಾಗದಲ್ಲೇ ಅದು ಕುರುಡು. ಶಬ್ದದ ವೇಗ ಉಷ್ಣಾಂಶಕ್ಕೆ ತಕ್ಕಂತೆ ಬದಲಾಗುವುದು ಇನ್ನೊಂದು ತೊಂದರೆ. ಇಪ್ಪತ್ತು ಡಿಗ್ರಿಯಲ್ಲಿ ಸೆಕೆಂಡಿಗೆ 343 ಮೀಟರ್ ಇರುವ ವೇಗ ಡಿಗ್ರಿಗೆ ಸುಮಾರು 0.6 ಮೀಟರ್ ಏರುತ್ತದೆ. ಏಪ್ರಿಲ್ ಮಧ್ಯಾಹ್ನ ಕಪ್ಪು ಟ್ಯಾಂಕಿನೊಳಗಿನ ಗಾಳಿ 45 ಡಿಗ್ರಿ ಮುಟ್ಟಿದರೆ ಒಂದು ಮೀಟರಿನ ದೂರದಲ್ಲಿ ನಾಲ್ಕು ಸೆಂಟಿಮೀಟರಿನಷ್ಟು ತಪ್ಪು. ಅದನ್ನು ಥರ್ಮಾಮೀಟರ್ ಸೆನ್ಸರು ಸೇರಿಸಿ ಸರಿಪಡಿಸಿದೆ. ಸೆನ್ಸರಿನ ಮುಖದ ಮೇಲೆ ಹನಿಗಟ್ಟುವ ನೀರಿಗೆ ಮತ್ತು ಮುಚ್ಚಳದ ಕೆಳಗೆ ವಾರಕ್ಕೊಂದರಂತೆ ಬಲೆ ಹೆಣೆಯುವ ಜೇಡಕ್ಕೆ ಮಾತ್ರ ನನ್ನಲ್ಲಿ ಪರಿಹಾರವಿರಲಿಲ್ಲ.

ಈ ಹಂತದಲ್ಲಿ ಮಾಡಿದ ತಪ್ಪನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಕೋಡ್ ಬರೆದು ಬದುಕುವ ನಮ್ಮಂಥವರಿಗೆಲ್ಲ ಇದೇ ಚಾಳಿ. ಅಂಕಿಗಳು ಕುಣಿಯತೊಡಗಿದಾಗ ನಾನು ತಾರಸಿ ಹತ್ತಲಿಲ್ಲ, ಲ್ಯಾಪ್‌ಟಾಪ್ ತೆರೆದೆ. ಮೊದಲು ಹತ್ತು ಅಂಕಿಗಳ ಸರಾಸರಿ, ಅದು ಸಾಲದೆ ಮೀಡಿಯನ್ (ಸಾಲಿನ ನಟ್ಟನಡುವಿನ ಅಂಕಿ), ಅದೂ ಸಾಲದೆ ಅಂದಾಜನ್ನೂ ಅಳತೆಯನ್ನೂ ಬೆರೆಸಿ ಏರಿಳಿತ ತಗ್ಗಿಸುವ ಕಾಲ್ಮನ್ ಫಿಲ್ಟರ್ ಬರೆದೆ. ಗ್ರಾಫು ನುಣುಪಾಯಿತು, ಆದರೆ ಸುಳ್ಳು ಸುಳ್ಳಾಗಿಯೇ ಉಳಿಯಿತು. ಅದಕ್ಕಿಂತ ದೊಡ್ಡ ತಪ್ಪೆಂದರೆ ಫಿಲ್ಟರಿನಿಂದ ಹೊರಬಂದ ಅಂಕಿಯನ್ನು ಮಾತ್ರ ಫೈಲಿಗೆ ಬರೆದು, ಸೆನ್ಸರು ಕೊಟ್ಟ ಕಚ್ಚಾ ಅಂಕಿಯನ್ನು ಎಸೆಯುತ್ತಿದ್ದೆ. ಹೆಚ್ಚುಕಡಿಮೆ ಒಂದು ವರ್ಷದ ಸಾಕ್ಷ್ಯ ಹಾಗೆ ಹೋಯಿತು. ಈಗ ಯಾವ ಸಾಧನ ಕಟ್ಟಿದರೂ ಕಚ್ಚಾ ಅಂಕಿ, ಸಮಯ, ಉಷ್ಣಾಂಶ ಮೂರನ್ನೂ ಮೊದಲು ಬರೆದಿಟ್ಟು ಆಮೇಲೆಯೇ ಮುಂದಿನ ಲೆಕ್ಕಕ್ಕೆ ಕೈಹಾಕುತ್ತೇನೆ.

ದಾರಿ ತೋರಿಸಿದ್ದು ವಾಷಿಂಗ್ ಮಷೀನು. ನಮ್ಮದು ನೀರು ತುಂಬಿಸಿಕೊಳ್ಳುತ್ತಲೇ ಇದೆ ಎಂದು ಮೆಕ್ಯಾನಿಕ್ಕನ್ನು ಕರೆಸಿದಾಗ ಆತ ಮೇಲಿನ ಮುಚ್ಚಳ ಬಿಚ್ಚಿ, ತೊಟ್ಟಿಯ ಅಡಿಯಿಂದ ಬರುವ ಬೆರಳುಗಾತ್ರದ ರಬ್ಬರ್ ಕೊಳವೆಯನ್ನು ಕಳಚಿ, ಬಾಯಿಂದ ಊದಿ, ಕಸ ತೆಗೆದು ಮತ್ತೆ ಸಿಕ್ಕಿಸಿದ. ನೀರು ಏರಿದಂತೆ ಕೊಳವೆಯೊಳಗಿನ ಗಾಳಿಯನ್ನು ಒತ್ತುತ್ತದೆ, ಮೇಲಿರುವ ಸೆನ್ಸರು ಒಣಗಿದ ಜಾಗದಲ್ಲಿ ಕುಳಿತು ಆ ಒತ್ತಡವನ್ನಷ್ಟೇ ನೋಡುತ್ತದೆ. ಹಬೆ, ಸುಣ್ಣ, ಜೇಡ ಯಾವುದಕ್ಕೂ ಅಲ್ಲಿ ಕೆಲಸವಿಲ್ಲ. ಅಂದು ಸಂಜೆಯೇ ಸಾವಿರದ ಮುನ್ನೂರು ರೂಪಾಯಿ ಕೊಟ್ಟು 10 ಕಿಲೋಪಾಸ್ಕಲಿನವರೆಗೆ ಅಳೆಯುವ ಒತ್ತಡದ ಸೆನ್ಸರೊಂದನ್ನು ತರಿಸಲು ಹಾಕಿದೆ. ಒಂದು ಮೀಟರ್ ನೀರಿನ ಒತ್ತಡ 9.8 ಕಿಲೋಪಾಸ್ಕಲ್, ನಮ್ಮ ಟ್ಯಾಂಕಿಗೆ ಸ್ವಲ್ಪ ಬಿಗಿಯಾದರೂ ಸಾಲುತ್ತದೆ ಎಂದುಕೊಂಡೆ.

ಕೊಳವೆ ಇಳಿಬಿಟ್ಟ ಮೊದಲ ಮಧ್ಯಾಹ್ನ ಅಳತೆ ಕೋಲಿಗೂ ಸೆನ್ಸರಿಗೂ ಕೂದಲೆಳೆಯಷ್ಟೂ ವ್ಯತ್ಯಾಸ ಕಾಣಲಿಲ್ಲ. ಮರುದಿನ ಬೆಳಗಿನ ಜಾವ ಸೆನ್ಸರು ಹನ್ನೆರಡು ಸೆಂಟಿಮೀಟರ್ ಕಡಿಮೆ ತೋರಿಸುತ್ತಿತ್ತು. ನಮ್ಮ ಟ್ಯಾಂಕಿನಲ್ಲಿ ಒಂದು ಸೆಂಟಿಮೀಟರ್ ಎಂದರೆ ಒಂಬತ್ತು ಒಂಬತ್ತೂವರೆ ಲೀಟರ್, ಹಾಗಾಗಿ ನೂರಹತ್ತು ಲೀಟರಿನ ತಪ್ಪು ಲೆಕ್ಕ. ಅದನ್ನು ನಂಬಿದ ಮೋಟರು ಟ್ಯಾಂಕು ತುಂಬಿ ಹರಿದರೂ ಆರಲಿಲ್ಲ, ಪಕ್ಕದ ಮನೆಯ ಅಂಗಳ ತೊಯ್ದಿತು. ಭಾವ ‘ಹೇಳಲಿಲ್ವಾ, ಸೋರಿದೆ’ ಎಂದರು. ಆದರೆ ಈ ಸಲ ಕಚ್ಚಾ ಅಂಕಿಗಳು ನನ್ನ ಬಳಿ ಇದ್ದವು. ಅವುಗಳ ಪ್ರಕಾರ ಮಧ್ಯಾಹ್ನದ ಹೊತ್ತಿಗೆ ತಪ್ಪು ತಾನಾಗಿ ಮಾಯವಾಗುತ್ತಿತ್ತು, ರಾತ್ರಿ ಮತ್ತೆ ಬರುತ್ತಿತ್ತು. ಸೋರಿಹೋದ ಗಾಳಿ ಮಧ್ಯಾಹ್ನ ಹಿಂದಿರುಗಿ ಬರುವುದಿಲ್ಲ. ಬಿಸಿಲಿನಲ್ಲಿ ಐವತ್ತು ಡಿಗ್ರಿಯಷ್ಟು ಕಾದ ಗಾಳಿ ಬೆಳಗಿನ ಜಾವಕ್ಕೆ ಇಪ್ಪತ್ತನಾಲ್ಕಕ್ಕೆ ಇಳಿದರೆ ಗಾತ್ರದಲ್ಲಿ ಸುಮಾರು ಎಂಟು ಶೇಕಡಾ ಕುಗ್ಗುತ್ತದೆ, ಕುಗ್ಗಿದಷ್ಟು ಜಾಗಕ್ಕೆ ಕೆಳಗಿನಿಂದ ನೀರು ಏರುತ್ತದೆ, ಸೆನ್ಸರಿಗೆ ಆಳ ಕಡಿಮೆಯಾದಂತೆ ಕಾಣುತ್ತದೆ. ಉಷ್ಣಾಂಶ ನೋಡಿ ಕೋಡಿನಲ್ಲಿ ಸರಿಪಡಿಸಬಹುದಿತ್ತು, ಅದಕ್ಕೆ ಸೂತ್ರವನ್ನೂ ಬರೆದಿದ್ದೆ. ಆದರೆ ಕೊಳವೆಯ ಸ್ವಲ್ಪ ಭಾಗ ನೆರಳಿನಲ್ಲಿ, ಸ್ವಲ್ಪ ಬಿಸಿಲಿನಲ್ಲಿ, ಉಳಿದದ್ದು ನೀರಿನಲ್ಲಿ ಇರುವಾಗ ಯಾವ ಉಷ್ಣಾಂಶವನ್ನು ನಂಬುವುದು? ಆ ಸೂತ್ರವನ್ನು ಅಳಿಸಿಹಾಕಿದ್ದು ಈ ಇಡೀ ಕೆಲಸದಲ್ಲಿ ನಾನು ತೆಗೆದುಕೊಂಡ ಒಳ್ಳೆಯ ತೀರ್ಮಾನ.

ಪ್ರತಿ ಸಲ ಅಳೆಯುವ ಮುನ್ನ ಹೊಸ ಗಾಳಿ ಊದಿ, ಕೊಳವೆಯೊಳಗಿನ ನೀರನ್ನು ಪೂರ್ತಿ ಹೊರದೂಡಿ, ಕೆಳಗಿನ ಬಾಯಿಂದ ಗುಳ್ಳೆ ಬರುವವರೆಗೆ ಕಾದರೆ ಹಳೆಯ ಗಾಳಿಯ ಕಥೆಯೇ ಮುಗಿಯುತ್ತದೆ. ನದಿಗಳ ನೀರಿನ ಮಟ್ಟ ನೋಡುವ ಕೇಂದ್ರಗಳಲ್ಲಿ ಗುಳ್ಳೆಯ ಈ ಪದ್ಧತಿ ಹಳೆಯದೇ. ಅದಕ್ಕೆ ಪುಟ್ಟ ಪಂಪು, ಗಾಳಿ ಬಿಡುವ ಕವಾಟ ಮತ್ತು ಸೆನ್ಸರು ಬೇಕು. ಬಿಡಿಬಿಡಿಯಾಗಿ ಹುಡುಕುತ್ತಿದ್ದ ವಾರದಲ್ಲೇ ಅಮ್ಮನ ಬಿ.ಪಿ. ಯಂತ್ರದ ತೋಳಪಟ್ಟಿ ಹರಿಯಿತು, ಡಿಸ್‌ಪ್ಲೇ ಆಗಲೇ ಅರ್ಧ ಹೋಗಿತ್ತು. ಹೊಸದನ್ನು ತಂದುಕೊಟ್ಟು ಹಳೆಯದನ್ನು ಬಿಚ್ಚಿದೆ. ಹೆಬ್ಬೆರಳಿನ ಗಾತ್ರದ ಪಂಪು, ಅದಕ್ಕಿಂತ ಚಿಕ್ಕದಾದ ವಿದ್ಯುತ್ ಕವಾಟ, ಬೆಳ್ಳಿಯ ಬಣ್ಣದ ಸೆನ್ಸರು ಮೂರೂ ಒಂದೇ ಸಿಲಿಕೋನ್ ಕೊಳವೆಯಲ್ಲಿ ಜೋಡಣೆಯಾಗಿ, ನನಗಾಗಿಯೇ ಮಾಡಿಟ್ಟಂತೆ ಕುಳಿತಿದ್ದವು. ಲೆಕ್ಕ ಹಾಕಿ ನೋಡಿದಾಗ ಸಂತೋಷ ಇನ್ನೂ ಹೆಚ್ಚಿತು. ಬಿ.ಪಿ. ಅಳೆಯುವುದು ಮಿಲಿಮೀಟರ್ ಪಾದರಸದಲ್ಲಿ, ಅಂಥ ಒಂದು ಮಿಲಿಮೀಟರ್ 1.36 ಸೆಂಟಿಮೀಟರ್ ನೀರಿಗೆ ಸಮ. ಕೊಳವೆಯ ಬಾಯಿಂದ ಮೇಲಕ್ಕೆ ನಮ್ಮ ಟ್ಯಾಂಕಿನ ಪೂರ್ತಿ ನೀರು 108 ಸೆಂಟಿಮೀಟರ್, ಎಂದರೆ ಹತ್ತಿರಹತ್ತಿರ 80 ಮಿಲಿಮೀಟರ್ ಪಾದರಸ. ತುಂಬಿದ ಟ್ಯಾಂಕಿನ ಒತ್ತಡವೂ ಆರೋಗ್ಯವಾಗಿರುವ ಮನುಷ್ಯನ ಕೆಳಗಿನ ಬಿ.ಪಿ.ಯೂ ಒಂದೇ ಅಂಕಿ. 300ರವರೆಗೆ ಅಳೆಯಲೆಂದೇ ಮಾಡಿದ ಯಂತ್ರಕ್ಕೆ ಇದು ಸಲೀಸಾದ ಕೆಲಸ.

ಕವಾಟದ ಗುಣವೂ ನಮಗೆ ಅನುಕೂಲಕರ. ಕರೆಂಟ್ ಕೊಟ್ಟಾಗ ಮುಚ್ಚುತ್ತದೆ, ಇಲ್ಲದಾಗ ತೆರೆದಿರುತ್ತದೆ. ಹಾಗಾಗಿ ಬಿಡುವಿನ ವೇಳೆಯಲ್ಲಿ ಸೆನ್ಸರು ಹೊರಗಿನ ಗಾಳಿಯನ್ನು ನೋಡುತ್ತಿರುತ್ತದೆ, ಅದೇ ಆ ಕ್ಷಣದ ಸೊನ್ನೆ. ಬಿಸಿಲಿಗೆ ಸೆನ್ಸರಿನ ಸೊನ್ನೆ ಎಷ್ಟೇ ಜಾರಿದರೂ ಪ್ರತಿ ಅಳತೆಗೆ ಮುನ್ನ ಹೊಸ ಸೊನ್ನೆ ಸಿಗುತ್ತದೆ. ಆಮೇಲೆ ಕವಾಟ ಮುಚ್ಚಿ, ಪಂಪು ನಡೆಸಿ, ಒತ್ತಡ ಏರುವುದು ನಿಂತಾಗ ಪಂಪು ಆರಿಸಿ, ಎರಡು ಸೆಕೆಂಡು ಬಿಟ್ಟು ಓದುತ್ತೇನೆ. ಪಂಪು ನಡೆಯುತ್ತಿರುವಾಗಲೇ ಓದಿದರೆ ಕೊಳವೆಯೊಳಗಿನ ಘರ್ಷಣೆಯಿಂದಾಗಿ ಒಂದೂವರೆ ಸೆಂಟಿಮೀಟರಿನಷ್ಟು ಹೆಚ್ಚು ಬರುತ್ತದೆ. ಏರಿಕೆ ನಿಂತಿತು ಎಂಬುದನ್ನು ಗುಳ್ಳೆಗಳ ಕುಣಿತದ ನಡುವೆ ಗುರುತಿಸುವ ಬಗೆಯನ್ನು ಮತ್ತು ಕುಣಿತ ಕಡಿಮೆಯಾಗಲು ಕೊಳವೆಯ ಬಾಯನ್ನು ನಾನು ಕತ್ತರಿಸಿರುವ ರೀತಿಯನ್ನು ಇಲ್ಲಿ ಬರೆಯುತ್ತಿಲ್ಲ. ಅವೆರಡಕ್ಕೆ ನನಗೆ ನಾಲ್ಕು ತಿಂಗಳು ಹಿಡಿಯಿತು, ಇನ್ನೂ ಕೆಲವರಿಗೆ ಮಾಡಿಕೊಡುವ ಮಾತೂ ನಡೆದಿದೆ.

ಇದಾದ ಮೇಲೂ ಎರಡು ಪೆಟ್ಟು ತಿಂದೆ. ಟ್ಯಾಂಕಿಗೆ ತೂತು ಕೊರೆಯಲು ಮನಸ್ಸಾಗದೆ ಕೊಳವೆಯನ್ನು ಓವರ್‌ಫ್ಲೋ ಪೈಪಿನ ಮೂಲಕವೇ ಹೊರತಂದು, ಸಾಧನದ ಡಬ್ಬಿಯನ್ನು ಕೈಗೆಟುಕುವಂತೆ ಮೆಟ್ಟಿಲಿನ ಬಳಿ ಕೆಳಗಿಟ್ಟಿದ್ದೆ. ಒಂದು ದಿನ ನೀರು ಓವರ್‌ಫ್ಲೋ ಮಟ್ಟ ಮುಟ್ಟಿತು, ಕವಾಟ ತೆರೆದೇ ಇತ್ತು, ನೀರು ಕೊಳವೆಯ ನೆತ್ತಿ ದಾಟಿ ಸೈಫನ್ ಹಿಡಿದು ನೇರವಾಗಿ ಡಬ್ಬಿಯೊಳಗೆ ಇಳಿಯಿತು. ಅಮ್ಮನ ಯಂತ್ರದ ಸೆನ್ಸರೂ ಒಂದು ಬೋರ್ಡೂ ಹೋದವು. ಅದೇ ಜಾತಿಯ 40 ಕಿಲೋಪಾಸ್ಕಲಿನ ಸೆನ್ಸರು, ಅದರ ಸಂಕೇತವನ್ನು ಅಂಕಿಯಾಗಿಸುವ ಪರಿವರ್ತಕದ ಸಮೇತ ನೂರೈವತ್ತು ರೂಪಾಯಿಯ ಆಸುಪಾಸಿಗೆ ಸಿಕ್ಕಿತು. ಡಬ್ಬಿ ಈಗ ಟ್ಯಾಂಕಿನ ಮುಚ್ಚಳಕ್ಕಿಂತ ಒಂದಡಿ ಮೇಲಿದೆ. ಇನ್ನೊಂದು ಪೆಟ್ಟು ಅಕ್ವೇರಿಯಂ ಅಂಗಡಿಯ ಪಾರದರ್ಶಕ ಕೊಳವೆಯಿಂದ. ಬೆಳಕು ಬಿದ್ದು ಎರಡೇ ತಿಂಗಳಲ್ಲಿ ಒಳಗೆಲ್ಲ ಹಸಿರು ಪಾಚಿ ಬೆಳೆದು ಗಾಳಿಯ ದಾರಿ ಕಟ್ಟಿಕೊಂಡಿತು. ಹನಿ ನೀರಾವರಿಗೆ ಬಳಸುವ ಕಪ್ಪು ಮೈಕ್ರೋ ಟ್ಯೂಬು ಮೀಟರಿಗೆ ನಾಲ್ಕೈದು ರೂಪಾಯಿಗೆ ಗೊಬ್ಬರದ ಅಂಗಡಿಯಲ್ಲಿ ಸಿಗುತ್ತದೆ, ಬಿಸಿಲಿಗೂ ಜಗ್ಗುವುದಿಲ್ಲ.

ಮೋಟರನ್ನು ಹಾಕಿ ಆರಿಸುವ ಭಾಗದಲ್ಲೂ ಒಂದು ತೊಂದರೆಯಿತ್ತು. ಕೋಡಿನ ಮಾತು ಕೇಳಿ ಸ್ವಿಚ್ಚಿನ ಕೆಲಸ ಮಾಡುವ ಅಗ್ಗದ ರಿಲೇ ಬೋರ್ಡುಗಳು, ಕಂಪ್ಯೂಟರ್ ಬೋರ್ಡಿನ ಪಿನ್ನಿನ ವೋಲ್ಟೇಜ್ ಕೆಳಗಿಳಿದಾಗ ಚಾಲೂ ಆಗುವ ಜಾತಿಯವಾದ್ದರಿಂದ ಕರೆಂಟ್ ಬಂದಾಗಲೆಲ್ಲ ಮೋಟರು ಒಮ್ಮೆ ಗುಟುರು ಹಾಕುತ್ತಿತ್ತು, ಬೋರ್ಡು ಶುರುವಾಗುವಾಗ ವೋಲ್ಟೇಜ್ ಅಲುಗದ ಪಿನ್ನಿಗೆ ಬದಲಿಸಿದ ಮೇಲೆ ನಿಂತಿತು. ಅಳತೆ ಏನೇ ಹೇಳಲಿ, ನಲವತ್ತು ನಿಮಿಷಕ್ಕೆ ಮೋಟರು ಆರಲೇಬೇಕು ಎಂಬ ಸಾಲನ್ನು ಕೋಡಿನಲ್ಲಿ ಎಲ್ಲಕ್ಕಿಂತ ಮೊದಲು ಬರೆದಿದ್ದೇನೆ.

ನಡುವೆ ಒಂದು ಅನುಮಾನ ಬಂದಿತ್ತು. ನಮ್ಮದು ಗಡಸು ನೀರು, ಅದರ ಸಾಂದ್ರತೆ ಹೆಚ್ಚಾಗಿ ಅಳತೆ ಕೆಡುವುದೇ ಎಂದು. ಹತ್ತು ಲೀಟರ್ ನೀರಿನ ಬಕೆಟ್ಟಿಗೆ ಒಂದು ಕಿಲೋ ಉಪ್ಪು ಕದಡಿ, ಸಿಹಿನೀರಿನಲ್ಲಿ ಇಳಿಸಿದ್ದ ಅದೇ ಆಳಕ್ಕೆ ಕೊಳವೆ ಇಳಿಸಿ ನೋಡಿದೆ. ಆರು ಶೇಕಡಾ ಹೆಚ್ಚು ತೋರಿಸಿತು. ಕಿಲೋ ಉಪ್ಪಿಗೆ ಇಷ್ಟಾದರೆ ಲೀಟರಿಗೆ ಒಂದು ಗ್ರಾಮಿನಷ್ಟು ಲವಣವಿರುವ ನೀರಿಗೆ ಒಂದು ಮೀಟರಿನಲ್ಲಿ ಒಂದು ಮಿಲಿಮೀಟರ್ ಕೂಡ ಆಗುವುದಿಲ್ಲ. ಅನುಮಾನ ಅಲ್ಲಿಗೆ ಮುಗಿಯಿತು, ಉಪ್ಪುನೀರು ತೆಂಗಿನ ಬುಡಕ್ಕೆ ಹೋಯಿತು.

ನಿಜವಾದ ಲಾಭ ಬಂದದ್ದು ರಾತ್ರಿಯ ಅಂಕಿಗಳಿಂದ. ಎಲ್ಲರೂ ಮಲಗಿರುವ ಹನ್ನೆರಡರಿಂದ ನಾಲ್ಕರವರೆಗೆ ಮಟ್ಟ ಹಲಗೆಯಂತೆ ನೇರವಾಗಿರಬೇಕು. ನಮ್ಮಲ್ಲಿ ಅದು ದಿನವೂ ಒಂದೂವರೆ ಸೆಂಟಿಮೀಟರ್ ಇಳಿಯುತ್ತಿತ್ತು, ಎಂದರೆ ಹದಿನಾಲ್ಕು ಲೀಟರ್, ದಿನಕ್ಕೆ ಎಂಬತ್ತರ ಮೇಲೆ. ಒಂದೊಂದೇ ಕೋಣೆಯ ನೀರು ಕಟ್ಟುತ್ತಾ ಹೋಗಿ ಮೂರನೆಯ ರಾತ್ರಿ ಹಿತ್ತಲಿನ ಶೌಚಾಲಯದ ಫ್ಲಶ್ ಟ್ಯಾಂಕನ್ನು ಹಿಡಿದೆ. ಸದ್ದಿಲ್ಲದೆ, ಕಣ್ಣಿಗೂ ಕಾಣದಂತೆ ಸೋರುತ್ತಿತ್ತು. ನಲವತ್ತು ರೂಪಾಯಿಯ ವಾಷರ್ ಬದಲಿಸಿದ ರಾತ್ರಿ ಗ್ರಾಫಿನ ಗೆರೆ ಬೆಳಗಿನವರೆಗೂ ಅಲುಗಲಿಲ್ಲ. ಅದನ್ನು ಅಮ್ಮನಿಗೆ ತೋರಿಸಿದೆ.

ದುಡ್ಡಿನ ಲೆಕ್ಕ ಹೇಳುವುದಾದರೆ, ಎರಡೂವರೆ ವರ್ಷದ ವಿಫಲ ಪ್ರಯತ್ನಗಳಿಗೆ ಏಳೂವರೆಯಿಂದ ಎಂಟು ಸಾವಿರ ರೂಪಾಯಿ ಆಗಿರಬೇಕು. ಈಗ ನಡೆಯುತ್ತಿರುವ ಸಾಧನಕ್ಕೆ ಮೋಟರಿನ ಕಾಂಟ್ಯಾಕ್ಟರ್ (ಹೆಚ್ಚು ಕರೆಂಟ್ ತಡೆಯುವ ವಿದ್ಯುತ್ ಸ್ವಿಚ್) ಬಿಟ್ಟು ಸಾವಿರದ ಇನ್ನೂರು ದಾಟಿಲ್ಲ. ಹದಿನೈದು ನಿಮಿಷಕ್ಕೊಮ್ಮೆ, ಮೋಟರು ನಡೆಯುವಾಗ ನಿಮಿಷಕ್ಕೊಮ್ಮೆ ಅಳೆಯುವುದರಿಂದ ಪಂಪಿಗೆ ದುಡಿಮೆ ಹೆಚ್ಚು. ಹನ್ನೊಂದನೆಯ ತಿಂಗಳಲ್ಲಿ ಅದರ ರಬ್ಬರ್ ಪೊರೆ ಹರಿಯಿತು. ಒತ್ತಡ ಏರದೆ ಇದ್ದದ್ದನ್ನು ಕೋಡೇ ಗುರುತಿಸಿ ಮೋಟರನ್ನು ಹಾಕದೆ ನನ್ನ ಫೋನಿಗೆ ಸುದ್ದಿ ಕಳಿಸಿತ್ತು. ನೂರನಲವತ್ತು ರೂಪಾಯಿಯ ಹೊಸ ಪಂಪು ಹಾಕಿದೆ, ಇನ್ನೊಂದನ್ನು ತರಿಸಿ ಡಬ್ಬಿಯೊಳಗೇ ಇಟ್ಟಿದ್ದೇನೆ. ಭಾವನ ಮನೆಯಲ್ಲಿ ಎರಡು ಟ್ಯಾಂಕುಗಳಿವೆ. ಒಂದೇ ಪಂಪಿನಿಂದ ಎರಡನ್ನೂ ಅಳೆಯಲು ಬೇಕಾದ ಇನ್ನೊಂದು ಕವಾಟಕ್ಕಾಗಿ ಪರಿಚಯದ ಔಷಧಿ ಅಂಗಡಿಯವರಿಗೆ ಹಳೆಯ ಬಿ.ಪಿ. ಯಂತ್ರ ಬಂದರೆ ಎತ್ತಿಡಿ ಎಂದು ಹೇಳಿ ಬಂದಿದ್ದೇನೆ.