ಒಂದು ಪ್ಲೈವುಡ್ ಹಾಳೆಯ ಮೇಲೆ ಇಂಡೋನೇಷ್ಯಾ: ಮಲೆನಾಡಿನ ಹೈಸ್ಕೂಲುಗಳಿಗೆ ಗೋಡೆ ನಕ್ಷೆ

ಅಡಿಕೆ, ಕಾಳುಮೆಣಸು, ಬಜ್ಜಿ ಕರಿಯುವ ಎಣ್ಣೆ. ಈ ಮೂರರ ಮಾತು ಬಂದಾಗಲೆಲ್ಲ ತೀರ್ಥಹಳ್ಳಿ, ಸಾಗರ, ಹೊಸನಗರದ ಮನೆಗಳಲ್ಲಿ ಇಂಡೋನೇಷ್ಯಾದ ಹೆಸರೂ ಬರುತ್ತದೆ. ಮಕ್ಕಳಿಗೆ ಮಾತ್ರ ಅದು ಅಟ್ಲಾಸಿನ ಮೂಲೆಯಲ್ಲಿ ಚೆದುರಿಬಿದ್ದ ಚುಕ್ಕೆಗಳು. ಆ ದೇಶದ ನೆಲ, ಆಡಳಿತ, ವ್ಯಾಪಾರ ಮೂರನ್ನೂ ಒಂದೇ ಹಲಗೆಯ ಮೇಲೆ ತಂದರೆ ಒಂದರಿಂದ ಇನ್ನೊಂದು ಹೇಗೆ ಹುಟ್ಟಿತು ಎನ್ನುವುದು ಕಣ್ಣಿಗೇ ಕಾಣುತ್ತದೆ. ಆದರೆ ಬರೆಯುವ ಕ್ರಮ ತಪ್ಪಬಾರದು: ಮೊದಲು ಜ್ವಾಲಾಮುಖಿ, ಆಮೇಲೆ ಜನ, ಆಮೇಲೆ ಸರ್ಕಾರ, ಕೊನೆಗೆ ಸರಕು.

ಬೇಕಾದದ್ದು 8×4 ಅಡಿಯ, 12 ಮಿ.ಮೀ. ದಪ್ಪದ, ನೀರು ತಡೆಯುವ ದರ್ಜೆಯ ಒಂದು ಪ್ಲೈವುಡ್ ಹಾಳೆ. ಜೊತೆಗೆ ಒಂದು ಲೀಟರ್ ವುಡ್ ಪ್ರೈಮರ್, ಅರ್ಧ ಲೀಟರ್ ನೀಲಿ ಎನಾಮಲ್, ಹಸಿರು, ಹಳದಿ, ಬಿಳಿ, ಬೂದು ಎನಾಮಲಿನ ಚಿಕ್ಕ ಡಬ್ಬಿಗಳು, ಒಂದು ಪ್ಯಾಕೆಟ್ ಕೆಂಪು ಸ್ಟಿಕ್ಕರ್ ಬಿಂದಿ, ಹೋಮಿಯೋಪತಿ ಗುಳಿಗೆಯ ಹತ್ತು ಖಾಲಿ ಶೀಶೆ. ನೇರ ಗೋಡೆಯ ಮೇಲೆ ಬರೆಯುವ ಆಸೆ ಬೇಡ. ಜುಲೈ ಹೊತ್ತಿಗೆ ನಮ್ಮ ಗೋಡೆಗಳು ಒಳಗಿಂದ ತೇವ ಹೀರಿ ಬಣ್ಣವನ್ನು ಗುಳ್ಳೆ ಎಬ್ಬಿಸುತ್ತವೆ. ಪ್ರೈಮರನ್ನು ಮುಂದೆ ಎರಡು ಸಲ, ಹಿಂದೆಯೂ ಒಂದು ಸಲ ಬಳಿಯಿರಿ. ಹಿಂಬದಿ ಬಿಟ್ಟರೆ ಆ ಬದಿ ಮಾತ್ರ ತೇವ ಕುಡಿದು ಹಿಗ್ಗುತ್ತದೆ, ಹಲಗೆ ಬಿಲ್ಲಿನಂತೆ ಬಾಗುತ್ತದೆ. ಗೋಡೆಗೆ ಒಂದು ಇಂಚಿನ ರೀಪು ಹೊಡೆದು ಅದರ ಮೇಲೆ ಹಲಗೆ ಕೂರಿಸಿದರೆ ಹಿಂದೆ ಗಾಳಿಯಾಡುತ್ತದೆ. ಮಳೆ ಬಡಿಯುವ ಪಡುವಣ ಗೋಡೆ ಬಿಟ್ಟು ಒಳಗೋಡೆ ಆರಿಸಿ. ಬಣ್ಣದ ಕೆಲಸ ಮುಗಿಸಲು ಜನವರಿಯಿಂದ ಮಾರ್ಚ್ ಒಳ್ಳೆಯ ಕಾಲ.

ಅಳತೆ ಒಂದು ಡಿಗ್ರಿಗೆ 5 ಸೆಂ.ಮೀ. ಇರಲಿ. ಹಾಳೆ 244 ಸೆಂ.ಮೀ. ಅಗಲ, 122 ಸೆಂ.ಮೀ. ಎತ್ತರ ಇರುತ್ತದೆ. ಎಡಬಲ 2 ಸೆಂ.ಮೀ. ಅಂಚು ಬಿಟ್ಟರೆ ಪೂರ್ವ ರೇಖಾಂಶ 93ರಿಂದ 141ರವರೆಗೆ 240 ಸೆಂ.ಮೀ. ಸರಿಯಾಗಿ ಕೂರುತ್ತದೆ. ಮೇಲಿನಿಂದ ಕೆಳಗೆ 8 ಡಿಗ್ರಿ ಉತ್ತರದಿಂದ 12 ಡಿಗ್ರಿ ದಕ್ಷಿಣದವರೆಗೆ 100 ಸೆಂ.ಮೀ. ಉಳಿದ 22 ಸೆಂ.ಮೀ. ಪಟ್ಟಿ ಆಡಳಿತಕ್ಕೆ. ಇಂಡೋನೇಷ್ಯಾ ಶುರುವಾಗುವುದು 95ರಲ್ಲಾದರೂ 93ರಿಂದ ಹಿಡಿಯುವುದಕ್ಕೆ ಕಾರಣವಿದೆ. ಎಡ ಮೇಲ್ಮೂಲೆಯಲ್ಲಿ ನಮ್ಮ ಗ್ರೇಟ್ ನಿಕೋಬಾರ್ ಬೀಳುತ್ತದೆ, ಅಲ್ಲಿಂದ ಸುಮಾತ್ರಾದ ಅಚೆ ತೀರ ಅಂಗೈ ಅಗಲದೊಳಗೆ ಕಾಣುತ್ತದೆ.

ಈ ದೇಶ ಸಮಭಾಜಕದ ಎರಡೂ ಕಡೆ ಹರಡಿಕೊಂಡಿರುವುದು ನಕ್ಷೆ ಬರೆಯುವವರಿಗೆ ದೊಡ್ಡ ಅನುಕೂಲ. ಸಮಭಾಜಕದ ಮೇಲೆ ಒಂದು ಡಿಗ್ರಿ ರೇಖಾಂಶ ಸುಮಾರು 111 ಕಿ.ಮೀ., 11 ಡಿಗ್ರಿ ದಕ್ಷಿಣದಲ್ಲಿ 109. ಹಾಗಾಗಿ ಚೌಕ ಚೌಕವಾಗಿಯೇ ಉಳಿಯುತ್ತದೆ, ಆಕಾರ ಕೆಡುವುದಿಲ್ಲ. ಒಂದು ಸೆಂಟಿಮೀಟರ್ ಎಂದರೆ ಸುಮಾರು 22 ಕಿ.ಮೀ.

ಪ್ರೈಮರ್ ಮೇಲೆ ಬಳಿದ ನೀಲಿ ಒಣಗಿದ ಮೇಲೆ ಮೇಲಂಚಿನಿಂದ 40 ಸೆಂ.ಮೀ. ಕೆಳಗೆ ನೂಲು ಹೊಡೆಯಿರಿ. ಅದು ಸಮಭಾಜಕ. ಅಲ್ಲಿಂದ ಮೇಲೆ ಕೆಳಗೆ, ಎಡಗೆರೆಯಿಂದ (ಎಡ ಅಂಚಿನಿಂದ 2 ಸೆಂ.ಮೀ. ಒಳಗಿರುವ 93ರ ಗೆರೆ) ಬಲಕ್ಕೆ, 5 ಸೆಂ.ಮೀ.ಗೊಂದು ಪೆನ್ಸಿಲ್ ಗೆರೆ. ಅಟ್ಲಾಸಿನಲ್ಲಿ 5 ಡಿಗ್ರಿಗೊಂದು ಗೆರೆ ಇದ್ದರೆ ಆ ಚೌಕವನ್ನೂ 25 ಮನೆ ಮಾಡಿಕೊಂಡು ಒಂದೊಂದೇ ಮನೆ ನೋಡಿ ಕರಾವಳಿ ಎಳೆಯಿರಿ. ಎಳೆಯುವ ಮುಂಚೆ ಗೂಟದ ಹಾಗೆ ಕೆಲವು ಊರು ನೆಟ್ಟುಕೊಂಡರೆ ದ್ವೀಪಗಳು ಜಾರುವುದಿಲ್ಲ. ಎಡಗೆರೆಯಿಂದ 69 ಸೆಂ.ಮೀ., ಸಮಭಾಜಕದಿಂದ 31 ಕೆಳಗೆ ಜಕಾರ್ತಾ. 81.5ಕ್ಕೆ ಸಮಭಾಜಕದ ಮೇಲೆಯೇ ಪೊಂಟಿಯಾನಕ್. 132ಕ್ಕೆ, 26 ಕೆಳಗೆ ಮಕಾಸ್ಸರ್. 184.5ಕ್ಕೆ, 22.5 ಕೆಳಗೆ ಬಂಡಾ ದ್ವೀಪಗಳು. ಬಲತುದಿಯಲ್ಲಿ 238.5ಕ್ಕೆ, 12.5 ಕೆಳಗೆ ಜಯಪುರ. ದ್ವೀಪಗಳು ಸುಮಾರು 17 ಸಾವಿರ ಇವೆ, ಎಲ್ಲವನ್ನೂ ಹಿಡಿಯಲು ಹೋಗಬೇಡಿ. ಐದು ದೊಡ್ಡವು (ಸುಮಾತ್ರಾ, ಜಾವಾ, ಬೋರ್ನಿಯೊ, ಸುಲಾವೆಸಿ, ನ್ಯೂಗಿನಿ), ಜಾವಾದಿಂದ ಪೂರ್ವಕ್ಕೆ ಬಾಲಿ, ಲೊಂಬೊಕ್, ತಿಮೋರ್‌ವರೆಗಿನ ಸಾಲು, ಮತ್ತೆ ಮಲುಕು. ಅಷ್ಟು ಸಾಕು.

ಹಸಿರು ಬಳಿಯುವಾಗಲೇ ಹೆಚ್ಚು ತಪ್ಪಾಗುವುದು. ಬೋರ್ನಿಯೊ ಪೂರ್ತಿ ಇಂಡೋನೇಷ್ಯಾದ್ದಲ್ಲ. ಉತ್ತರದ ಸರವಾಕ್, ಸಬಾ ಮಲೇಷ್ಯಾದವು, ನಡುವೆ ಬ್ರೂನೈ ಇದೆ. ದಕ್ಷಿಣದ ಕಾಲಿಮಂತಾನ್ ಮಾತ್ರ ಹಸಿರಾಗಲಿ. ತಿಮೋರ್ ದ್ವೀಪದ ಪೂರ್ವಾರ್ಧ 2002ರ ಮೇ 20ರಿಂದ ಬೇರೆ ದೇಶ. ಪಶ್ಚಿಮಾರ್ಧದ ಉತ್ತರ ತೀರದಲ್ಲಿ ಒಯೆಕುಸ್ಸಿ ಎಂಬ ತುಂಡೊಂದು ಅದಕ್ಕೇ ಸೇರಿದೆ. ನ್ಯೂಗಿನಿ ದ್ವೀಪದ ಪಶ್ಚಿಮಾರ್ಧ, ಅಂದರೆ ಪಾಪುವಾ, ಇಂಡೋನೇಷ್ಯಾದ್ದು; ಅಲ್ಲಿನ ಗಡಿ 141ರ ಆಸುಪಾಸಿನಲ್ಲಿ ಬಹುತೇಕ ನೆಟ್ಟಗಿದೆ, ಆದ್ದರಿಂದ ನಿಮ್ಮ ಬಲಗೆರೆಯೇ ಗಡಿ. ಹೊರದೇಶಗಳಿಗೆಲ್ಲ ಬೂದು ಬಣ್ಣ.

ಈಗ ಬಿಂದಿ, ಜ್ವಾಲಾಮುಖಿಗೊಂದು. ಸುಮಾತ್ರಾದ ಪಶ್ಚಿಮ ಅಂಚಿಗೆ ಕೆರಿಂಚಿ, ಸುಂದಾ ಜಲಸಂಧಿಯಲ್ಲಿ 1883ರಲ್ಲಿ ಸಿಡಿದ ಕ್ರಕಟಾವ್, ಜಾವಾದಲ್ಲಿ ಮೆರಾಪಿ, ಬ್ರೊಮೊ, ಸೆಮೆರು, ಬಾಲಿಯಲ್ಲಿ ಅಗುಂಗ್, ಲೊಂಬೊಕ್‌ನಲ್ಲಿ ರಿಂಜಾನಿ, ಸುಂಬಾವಾದಲ್ಲಿ 1815ರ ತಂಬೋರಾ. ಸಾಲು ಬಿಲ್ಲಿನ ಆಕಾರಕ್ಕೆ ಬಂದರೆ ಕೆಲಸ ಸರಿಯಾಗಿದೆ. ದಕ್ಷಿಣದ ಸಮುದ್ರತಳ ಆ ಅಂಚಿನಡಿ ತೂರಿಕೊಳ್ಳುತ್ತಿದೆ, ಬೆಂಕಿ ಅಲ್ಲೇ ಮೇಲೇಳುತ್ತದೆ. 2004ರ ಡಿಸೆಂಬರ್ 26ರ ಸುನಾಮಿ ಹುಟ್ಟಿದ್ದೂ ಇದೇ ಅಂಚಿನಲ್ಲಿ. ಕಾಲಿಮಂತಾನ್ ಮೇಲೆ ಒಂದೂ ಬಿಂದಿ ಬೀಳಬಾರದು.

ಇಡೀ ಹಲಗೆಯಲ್ಲಿ ನಮಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಮುಂದಿನ ಹಂತ, ಇದಕ್ಕೆ ಒಂದು ಪೂರ್ತಿ ಪೀರಿಯಡ್ ಕೊಡಿ. 10 ಲಕ್ಷ ಜನರಿಗೆ ಒಂದು ಹಳದಿ ಚುಕ್ಕೆ. ಬೆಂಕಿಕಡ್ಡಿಯ ಬುಡ ಅದ್ದಿ ಒತ್ತಿದರೆ 3 ಮಿ.ಮೀ. ಬರುತ್ತದೆ, ಅದಕ್ಕಿಂತ ದೊಡ್ಡದಾದರೆ ಜಾವಾದಲ್ಲಿ ಎಲ್ಲ ಕಲೆಸಿಹೋಗುತ್ತದೆ. 2020ರ ಜನಗಣತಿಯಂತೆ ಜಾವಾಕ್ಕೆ 152, ಸುಮಾತ್ರಾಕ್ಕೆ 59, ಸುಲಾವೆಸಿಗೆ 20, ಕಾಲಿಮಂತಾನ್‌ಗೆ 17, ಬಾಲಿ ಮತ್ತು ನುಸಾ ತೆಂಗಾರಾ ದ್ವೀಪಗಳಿಗೆ (ಲೊಂಬೊಕ್‌ನಿಂದ ತಿಮೋರ್‌ವರೆಗಿನ ಸಾಲು) 15, ಮಲುಕು-ಪಾಪುವಾಕ್ಕೆ 9. ಹಲಗೆಯ ಮೇಲೆ ಜಾವಾ ಸುಮಾರು 260 ಚದರ ಸೆಂ.ಮೀ., ಕಾಲಿಮಂತಾನ್ ಅದರ ನಾಲ್ಕು ಪಟ್ಟು. ಬೆಂಕಿಬೆಟ್ಟಗಳ ಬೂದಿ ಗೊಬ್ಬರವಾದ ಕಡೆ ಭತ್ತ ಬೆಳೆಯಿತು, ಭತ್ತ ಬೆಳೆದ ಕಡೆ ಜನ ನಿಂತರು. ಬಿಂದಿಯೇ ಇಲ್ಲದ ನೆಲದ ಮಣ್ಣು ಹಳೆಯದು, ಸಾರ ಕಡಿಮೆ.

ಇದೇ ಅಳತೆಯಲ್ಲಿ ಕರ್ನಾಟಕವನ್ನು ರಟ್ಟಿನಲ್ಲಿ ಕತ್ತರಿಸಿ (34 ಸೆಂ.ಮೀ. ಉದ್ದ, ಅಗಲವಾದ ಕಡೆ ಸುಮಾರು 18), 2011ರ ಲೆಕ್ಕದ 61 ಚುಕ್ಕೆ ಇಟ್ಟು ದಾರದಲ್ಲಿ ತೂಗುಹಾಕಿ. ಇಂಡೋನೇಷ್ಯಾದ ನೆಲ ಸುಮಾರು ಹತ್ತು ಕರ್ನಾಟಕದಷ್ಟು. ಆದರೆ ಜಾವಾ ಕರ್ನಾಟಕಕ್ಕಿಂತ ಚಿಕ್ಕದು, ಚುಕ್ಕೆ ಮಾತ್ರ ಎರಡೂವರೆ ಪಟ್ಟು. ಮಕ್ಕಳು ರಟ್ಟನ್ನು ತಾವೇ ಕೈಯಲ್ಲಿ ಹಿಡಿದು ಇಟ್ಟು ನೋಡಲಿ.

ಚುಕ್ಕೆ ಇಟ್ಟಾದ ಮೇಲೆ ಕೆಳಗಿನ ಪಟ್ಟಿಗೆ ಬನ್ನಿ. 1945ರ ಆಗಸ್ಟ್ 17ರಂದು ಸ್ವಾತಂತ್ರ್ಯ ಘೋಷಣೆಯಾಯಿತು, ಡಚ್ಚರು ಒಪ್ಪಿಕೊಂಡದ್ದು 1949ರ ಕೊನೆಗೆ. ಅಲ್ಲಿ ಪ್ರಧಾನಮಂತ್ರಿ ಇಲ್ಲ, ಅಧ್ಯಕ್ಷರೇ ಸರ್ಕಾರ ನಡೆಸುತ್ತಾರೆ. ಅವಧಿ ಐದು ವರ್ಷ, ಎರಡೇ ಸಲ. 2004ರಿಂದ ಜನರೇ ನೇರ ಆರಿಸುತ್ತಾರೆ. ಮೊದಲ ಸುತ್ತಿನಲ್ಲೇ ಗೆಲ್ಲಲು ದೇಶದಲ್ಲಿ ಅರ್ಧಕ್ಕಿಂತ ಹೆಚ್ಚು ಮತ ಸಾಲದು, ಅರ್ಧಕ್ಕಿಂತ ಹೆಚ್ಚು ಪ್ರಾಂತ್ಯಗಳಲ್ಲಿ ಕನಿಷ್ಠ ಶೇ. 20 ಮತವೂ ಬೇಕು. ಜಾವಾದ ಚುಕ್ಕೆಗಳನ್ನು ಎಣಿಸಿದ ಮಗುವಿಗೆ ಈ ನಿಯಮ ಯಾಕೆಂದು ಬಿಡಿಸಿ ಹೇಳಬೇಕಾಗಿಲ್ಲ. ಪ್ರಾಂತ್ಯಗಳ ಸಭೆಯಲ್ಲಿ ಪ್ರಾಂತ್ಯ ದೊಡ್ಡದಿರಲಿ ಚಿಕ್ಕದಿರಲಿ ನಾಲ್ಕೇ ಸದಸ್ಯರು ಇರುವುದೂ ಅದಕ್ಕೇ.

ಮೆಟ್ಟಿಲನ್ನು ನಮ್ಮ ಮೆಟ್ಟಿಲಿನ ಪಕ್ಕದಲ್ಲೇ ಬರೆಯಿರಿ: ಪ್ರಾಂತ್ಯ, ಕಬುಪಾತೆನ್, ಕೆಚಾಮಾತನ್, ದೇಸಾ. ನಮ್ಮ ರಾಜ್ಯ, ಜಿಲ್ಲೆ, ತಾಲೂಕು, ಗ್ರಾಮ ಪಂಚಾಯಿತಿಯ ಎದುರಿಗೆ ಹೆಚ್ಚುಕಡಿಮೆ ಕೂರುತ್ತದೆ, ಅಧಿಕಾರ ಮಾತ್ರ ಬೇರೆ. ಅಲ್ಲಿ ರಾಜ್ಯಪಾಲರೂ ಜಿಲ್ಲೆಯ ಮುಖ್ಯಸ್ಥ ಬುಪಾತಿಯೂ ಚುನಾಯಿತರು. ನಮ್ಮ ರಾಜ್ಯಪಾಲರು, ಜಿಲ್ಲಾಧಿಕಾರಿ ನೇಮಕವಾದವರು. ಅದು ಒಕ್ಕೂಟವಲ್ಲ, ಏಕ ರಾಜ್ಯ, ಅಂದರೆ ಅಧಿಕಾರದ ಮೂಲ ಕೇಂದ್ರ ಸರ್ಕಾರವೇ. ಆದರೂ 1998ರಲ್ಲಿ ಅಧ್ಯಕ್ಷ ಸುಹಾರ್ತೊ ಇಳಿದ ಮೇಲೆ, 1999ರ ಕಾನೂನುಗಳಿಂದ ಹೆಚ್ಚಿನ ಅಧಿಕಾರ ಜಿಲ್ಲೆಗಳಿಗೇ ಹೋಯಿತು. ಗಣಿ, ಎಣ್ಣೆ, ಕಾಡು ಇರುವ ಹೊರದ್ವೀಪಗಳಿಗೆ, ಎಲ್ಲವನ್ನೂ ಜಾವಾವೇ ನಿರ್ಧರಿಸುತ್ತದೆ ಎಂಬ ಸಿಟ್ಟು ಹಳೆಯದು.

ಜಕಾರ್ತಾಕ್ಕೆ ತುಂಬಿದ ನಕ್ಷತ್ರ ಹಾಕಿ. ಎಡಗೆರೆಯಿಂದ 118.5, ಸಮಭಾಜಕಕ್ಕಿಂತ 5 ಕೆಳಗೆ, ಪೂರ್ವ ಕಾಲಿಮಂತಾನ್‌ನಲ್ಲಿ ನುಸಾಂತಾರಾಕ್ಕೆ ಬರೀ ಗೆರೆಯ ನಕ್ಷತ್ರ. ಹೊಸ ರಾಜಧಾನಿಯ ಕಾನೂನು 2022ರದ್ದು. ಅಂತರ್ಜಲ ಎತ್ತಿ ಎತ್ತಿ ಜಕಾರ್ತಾ ಕುಸಿಯುತ್ತಿದೆ, ಜಾವಾ ತುಂಬಿ ತುಳುಕುತ್ತಿದೆ. ಹೊಸ ನಕ್ಷತ್ರ ಬಿದ್ದ ಜಾಗ ಬಿಂದಿಯಿಲ್ಲದ, ಚುಕ್ಕೆ ವಿರಳವಾದ ನೆಲ ಎಂಬುದನ್ನು ಮಕ್ಕಳ ಬಾಯಲ್ಲೇ ಹೇಳಿಸಿ.

ಸರಕನ್ನು ಅಂಟಿನಲ್ಲಿ ಅಂಟಿಸಿದರೆ ಆಷಾಢದಲ್ಲಿ ಬೂಸ್ಟು ಹಿಡಿಯುತ್ತದೆ, ಇರುವೆಯೂ ಬಿಡುವುದಿಲ್ಲ. ಆದ್ದರಿಂದ ಶೀಶೆ. ಶೀಶೆಯ ಎಡಬಲಕ್ಕೆ ಹಲಗೆಯಲ್ಲಿ ಎರಡು ತೂತು ಕೊರೆದು ತಂತಿ ಬಿಗಿಯಿರಿ, ಮುಚ್ಚಳಕ್ಕೆ ಮೇಣ ಹಚ್ಚಿ. ಬಂಡಾಕ್ಕೆ ಜಾಯಿಕಾಯಿ ಮತ್ತು ಜಾಪತ್ರೆ, ಮಲುಕುವಿನ ಉಳಿದ ಕಡೆ ಲವಂಗ, ಸುಮಾತ್ರಾದ ದಕ್ಷಿಣ ತುದಿಯ ಲಂಪುಂಗ್‌ಗೆ ಕಾಳುಮೆಣಸು, ಸುಮಾತ್ರಾದ ಪೂರ್ವಕ್ಕಿರುವ ಬಂಗ್ಕಾ ದ್ವೀಪಕ್ಕೆ ಪಾತ್ರೆಗೆ ಕಲಾಯಿ ಹಾಕುವ ತವರದ ಚೂರು. ಸುಮಾತ್ರಾದ ರಿಯಾವ್ ಪ್ರಾಂತ್ಯಕ್ಕೆ ತಾಳೆ ಎಣ್ಣೆ, ಮುಕ್ಕಾಲು ಶೀಶೆ ಮಾತ್ರ. ಚಳಿಗಾಲದ ಬೆಳಿಗ್ಗೆ ಅದು ಮಬ್ಬಾಗಿ ಗಟ್ಟಿಯಾದರೆ ಹಾಳಾಯಿತೆಂದು ಎಸೆಯಬೇಡಿ. ತಾಳೆ ಎಣ್ಣೆಯಲ್ಲಿ ಇಂಡೋನೇಷ್ಯಾವೇ ಜಗತ್ತಿಗೆ ಮೊದಲು. 2022ರ ಏಪ್ರಿಲ್ 28ರಿಂದ ಮೇ 23ರವರೆಗೆ ಅದು ರಫ್ತು ನಿಲ್ಲಿಸಿತ್ತು, ತಮ್ಮಲ್ಲೇ ಅಡುಗೆ ಎಣ್ಣೆ ದುಬಾರಿಯಾಯಿತೆಂದು. ಪೂರ್ವ ಕಾಲಿಮಂತಾನ್‌ಗೆ ಕಲ್ಲಿದ್ದಲು. ಕುಲುಮೆಯ ಇದ್ದಿಲು ಅದಲ್ಲ. ಸುಲಾವೆಸಿಯ ಮೊರೊವಾಲಿಗೆ ಸ್ಟೇನ್‌ಲೆಸ್ ಸ್ಟೀಲಿನ ಪುಟ್ಟ ಚಮಚ, ಏಕೆಂದರೆ ಅಲ್ಲಿನ ನಿಕ್ಕಲ್ ಬಹುಪಾಲು ಹೋಗುವುದು ಸ್ಟೀಲಿಗೆ. 2020ರ ಜನವರಿಯಿಂದ ಕಚ್ಚಾ ಅದಿರಿನ ರಫ್ತು ನಿಷೇಧಿಸಿ, ಕರಗಿಸುವ ಕಾರ್ಖಾನೆಗಳು ತಮ್ಮಲ್ಲೇ ಬರುವಂತೆ ಆ ದೇಶ ಪಟ್ಟು ಹಿಡಿಯಿತು.

ಸುಮಾತ್ರಾದ ಜಂಬಿ ಪ್ರಾಂತ್ಯಕ್ಕೆ ಅಡಿಕೆ ಬೀಳಬೇಕು. ಅಲ್ಲಿ ಅದು ರಫ್ತಿನ ಬೆಳೆ. ಅದರ ಕೆಳಗೆ ಚೀಟಿಯಲ್ಲಿ ಬರೆಯಿರಿ: ಭಾರತ 2023ರ ಫೆಬ್ರವರಿಯಲ್ಲಿ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿತು.

ಇಂಥದ್ದನ್ನೆಲ್ಲ ಎನಾಮಲಿನಲ್ಲಿ ಬರೆಯದೆ ಚೀಟಿಯಲ್ಲೇ ಸಿಕ್ಕಿಸಿ. ಪ್ರಾಂತ್ಯಗಳು 2022ರಲ್ಲಿ 34ರಿಂದ 38 ಆದವು. 2024ರ ಅಕ್ಟೋಬರ್ 20ರಂದು ಪ್ರಬೋವೊ ಸುಬಿಯಾಂತೊ ಅಧ್ಯಕ್ಷರಾದರು. ಅಧ್ಯಕ್ಷರ ಹೆಸರು, ಪ್ರಾಂತ್ಯಗಳ ಸಂಖ್ಯೆ, ಆಮದು ಬೆಲೆ, ಈ ಮೂರು ಚೀಟಿಗಳನ್ನು ಪ್ರತಿ ಜೂನ್‌ನಲ್ಲಿ ಶಾಲೆ ಶುರುವಾದ ಮೊದಲ ವಾರ ತೆಗೆದು ನೋಡಿ, ಬದಲಾಗಿದ್ದರೆ ಹೊಸದು ಬರೆದು ಸಿಕ್ಕಿಸಿ.